ಮರಳು ಕಟ್ಟೆಗಳ ಸೀಮೆಯಿಂದ

ಊರಿನ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಮಧುಗಿರಿ ಕಡೆಯ ಒಂದು ಹೊಳೆಯ ಫೋಟೊ ಬಂದಿತ್ತು. ನಾನಿರುವ ಕೀನ್ಯಾದಲ್ಲಿ ಪಕ್ಕದ ಮನೆಯ ಹುಡುಗಿ, ಆರನೇ ಕ್ಲಾಸಿನವಳು, ಫೋನಿಗೆ ಇಣುಕಿ ನೋಡಿ ಕೇಳಿದಳು: "ಆಂಟಿ, ಈ ಹೊಳೆಯ ಮರಳನ್ನ ಯಾರು ತಗೊಂಡು ಹೋದರು?"

ಫೋಟೊದಲ್ಲಿ ಇದ್ದದ್ದು ಬಂಡೆ, ಗುಂಡಿ, ಬಳ್ಳಾರಿ ಜಾಲಿ. ನೀರಿಲ್ಲದ್ದು ಅವಳಿಗೆ ಏನೂ ಅನ್ನಿಸಲಿಲ್ಲ. ಇಲ್ಲಿನ ಮಚಾಕೋಸ್ ಸೀಮೆಯ ಹೊಳೆಗಳೂ ವರ್ಷದ ಬಹುಪಾಲು ಒಣಗೇ ಇರುತ್ತವೆ. ಮರಳಿಲ್ಲದ ಹೊಳೆಯನ್ನು ಮಾತ್ರ ಅವಳು ಕಂಡಿರಲಿಲ್ಲ. ಆಫ್ರಿಕಾ ಅಂದಕೂಡಲೇ ಬರ, ಹಸಿವು, ಯಾರೋ ಕೊಡುವ ದಾನ ಎಂದು ನೆನೆಯುವ ನಮ್ಮವರಿಗೆ, ಇಲ್ಲಿನ ಒಂದು ಮಗು ಯಾಕೆ ಹಾಗೆ ಕೇಳಿತು ಅನ್ನುವುದು ತಿಳಿಯಬೇಕು.

ಮಚಾಕೋಸ್, ಮಕುವೇನಿ, ಕಿಟುಯಿ, ಈ ಮೂರು ಕೌಂಟಿಗಳು (ನಮ್ಮ ಜಿಲ್ಲೆಗಳಂತೆ) ಸೇರಿ ಕಂಬಾ ಜನರ ನಾಡು, ಉಕಂಬಾನಿ. ಮಳೆಗಾಲ ಎರಡು: ಮಾರ್ಚ್‌ನಿಂದ ಮೇ, ಅಕ್ಟೋಬರ್‌ನಿಂದ ಡಿಸೆಂಬರ್. ರೈತರು ಹೆಚ್ಚು ನಂಬುವುದು ಎರಡನೆಯದನ್ನು. ಮಳೆ ಬಂದಾಗ ಹೊಳೆ ಕೆಂಪಗೆ ಉಕ್ಕಿ ಹರಿದು, ಕೆಲವೇ ದಿನಗಳಲ್ಲಿ ಬರೀ ಮರಳು ಉಳಿಯುತ್ತದೆ. ಆಮೇಲೆ ಮರಳಲ್ಲಿ ಒರತೆ ತೋಡಿ, 20 ಲೀಟರಿನ ಹಳದಿ ಕ್ಯಾನುಗಳನ್ನು ತುಂಬಿ, ಕತ್ತೆಯ ಮೇಲೆ ಹೇರಿಕೊಂಡು ಮನೆಗೆ. ಬೇಸಿಗೆ ಏರಿದಂತೆ ಒರತೆ ಆಳವಾಗುತ್ತದೆ, ಸಾಲು ಉದ್ದವಾಗುತ್ತದೆ.

1978ರಲ್ಲಿ ಮಚಾಕೋಸ್‌ನ ಜೋಶುವಾ ಮುಕುಸ್ಯಾ ಮತ್ತು ಅವರ ನೆರೆಹೊರೆಯವರು ಉಟೂನಿ ಎಂಬ ಸ್ವಸಹಾಯ ಗುಂಪು ಕಟ್ಟಿದ್ದು ಈ ಕಷ್ಟಕ್ಕೇ. ಅದು ಮುಂದೆ ದೊಡ್ಡ ಅಭಿವೃದ್ಧಿ ಸಂಸ್ಥೆಯಾಯಿತು. ಅದೇ ದಾರಿಯಲ್ಲಿ ಬೇರೆ ಸಂಸ್ಥೆಗಳೂ ಬಂದವು. ಇವರ ಕೆಲಸದಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಮರಳು ಕಟ್ಟೆ.

ಹೊಳೆಗೆ ಅಡ್ಡಲಾಗಿ, ಬಂಡೆಯ ಮೇಲೆ ಕಾಲೂರಿದ ಒಂದು ಗೋಡೆ. ಎತ್ತರ ಸಾಮಾನ್ಯವಾಗಿ 1ರಿಂದ 5 ಮೀಟರ್. ಪ್ರವಾಹ ಹೊತ್ತು ತರುವ ಮರಳು ಭಾರವಾದ್ದರಿಂದ ಗೋಡೆಯ ಹಿಂದೆ ಕೂರುತ್ತದೆ, ಹಗುರವಾದ ಮಣ್ಣು ನೀರಿನ ಜತೆ ಮೇಲಿಂದ ದಾಟಿ ಹೋಗುತ್ತದೆ. ಒಂದರಿಂದ ಮೂರು ಮಳೆಗಾಲದಲ್ಲಿ ಕಟ್ಟೆ ಮರಳಿನಿಂದ ತುಂಬುತ್ತದೆ. ನಮ್ಮ ಚೆಕ್ ಡ್ಯಾಂ ಹೂಳು ತುಂಬಿದರೆ ಕೆಟ್ಟಿತು ಅನ್ನುತ್ತೇವೆ. ಈ ಕಟ್ಟೆ ಮರಳು ತುಂಬಿದ ಮೇಲೆಯೇ ಕೆಲಸ ಶುರುಮಾಡುವುದು. ನೀರು ಮರಳಿನ ಸಂದುಗಳಲ್ಲಿ ನಿಲ್ಲುತ್ತದೆ. ಮೇಲಿನ ಎರಡು ಮೂರು ಅಡಿ ಒಣಗಿದ ಮೇಲೆ ಬಿಸಿಲಿಗೆ ಆವಿಯಾಗುವುದು ಬಹುತೇಕ ನಿಂತೇಹೋಗುತ್ತದೆ. ತೆರೆದ ನೀರಿಲ್ಲವಾಗಿ ಸೊಳ್ಳೆ ಮೊಟ್ಟೆಯಿಡುವುದಿಲ್ಲ. ಮರಳೇ ಸೋಸಿಕೊಡುತ್ತದೆ.

ಎಷ್ಟು ನೀರು ಅನ್ನುವುದಕ್ಕೆ ಇಲ್ಲಿ ಒಂದು ಸರಳ ಲೆಕ್ಕ ಬಳಸುತ್ತಾರೆ. ಗೋಡೆಯ ಬಳಿಯ ಮರಳಿನ ಆಳ, ಹೊಳೆಯ ಅಗಲ, ಮರಳು ಹಿಂದಕ್ಕೆ ಹಬ್ಬುವ ಉದ್ದ, ಮೂರನ್ನೂ ಗುಣಿಸಿ ಆರರಿಂದ ಭಾಗಿಸಬೇಕು. 3 ಮೀಟರ್ ಆಳ, 20 ಮೀಟರ್ ಅಗಲ, 500 ಮೀಟರ್ ಉದ್ದವಾದರೆ 5,000 ಘನ ಮೀಟರ್ ಮರಳು. ಅದರಲ್ಲಿ ಕಾಲುಭಾಗ ನೀರು ಕೈಗೆ ಸಿಗುತ್ತದೆ ಎಂದಿಟ್ಟುಕೊಂಡರೆ 12.5 ಲಕ್ಷ ಲೀಟರ್, ಅಂದರೆ 62,500 ಕ್ಯಾನು. ಮಳೆ ಕೈಕೊಡದಿದ್ದರೆ ವರ್ಷಕ್ಕೆ ಎರಡು ಸಲ ಈ ನೀರು ತುಂಬುತ್ತದೆ. ದಂಡೆಗಳ ಒಳಗೆ ಇಳಿದು ನಿಲ್ಲುವ ನೀರು ಬೇರೆ.

ಈ "ಕಾಲುಭಾಗ" ಇಡೀ ಕೆಲಸದ ಕೀಲು. ದಪ್ಪ ಮರಳಾದರೆ ಮೂರನೇ ಒಂದು ಭಾಗದಷ್ಟು ನೀರು ಬಿಟ್ಟುಕೊಡುತ್ತದೆ, ಮಧ್ಯಮ ಮರಳು ಕಾಲುಭಾಗ, ಸಣ್ಣ ಮರಳು ಐದರಲ್ಲೊಂದು. ಗೋಡುಮಣ್ಣು, ಅಂದರೆ ನೀರು ಹೊತ್ತು ತರುವ ನುಣ್ಣನೆಯ ಮಣ್ಣು, ತುಂಬಿತೋ, ನೀರು ಒಳಗಿದ್ದರೂ ನೂರಕ್ಕೆ ಐದರಷ್ಟು ಮಾತ್ರ ಹೊರಬರುತ್ತದೆ. ಗೋಡೆ ಎಷ್ಟು ಗಟ್ಟಿಯಾಗಿದ್ದರೂ ಆಗ ಕಟ್ಟೆ ಸತ್ತಂತೆ.

ಜಾಗ ಹುಡುಕುವಾಗ ಎಂಜಿನಿಯರಿಗಿಂತ ಮೊದಲು ಮುದುಕಿಯರನ್ನು ಕೇಳುತ್ತಾರೆ: ಸೆಪ್ಟೆಂಬರ್‌ವರೆಗೂ ಬತ್ತದ ಒರತೆ ಯಾವುದು? ದಂಡೆಯಲ್ಲಿ ದೊಡ್ಡ ಅತ್ತಿಯ ಜಾತಿಯ ಮರ ನಿಂತಿದೆಯೇ? ಆಮೇಲೆ ಕಚ್ಚು ಹಾಕಿದ ಕಬ್ಬಿಣದ ಸರಳನ್ನು ಹೊಳೆಯುದ್ದಕ್ಕೂ ಅಲ್ಲಲ್ಲಿ ಬಂಡೆ ತಾಗುವವರೆಗೆ ಹೊಡೆದು ಎಳೆಯುತ್ತಾರೆ. ಕಚ್ಚುಗಳಲ್ಲಿ ಸಿಕ್ಕಿ ಬರುವ ಮರಳು ಯಾವ ಆಳದಲ್ಲಿ ಏನಿದೆ, ಎಲ್ಲಿಯವರೆಗೆ ಒದ್ದೆ ಎಂದು ಹೇಳುತ್ತದೆ. ಹೊಳೆಯ ತಿರುವು ಬೇಡ, ಬಿರುಕು ಬಿಟ್ಟ ಬಂಡೆ ಬೇಡ.

ಸಿಮೆಂಟು, ಕಬ್ಬಿಣ, ನುರಿತ ಮೇಸ್ತ್ರಿ ಸಂಸ್ಥೆಯದು. ಕಲ್ಲು, ಮರಳು, ನೀರು, ಮೈಕೆಲಸ ಊರಿನದು. ಎರಡೂ ದಂಡೆಯ ಜಮೀನಿನವರು ಮೊದಲೇ ಒಪ್ಪಿ ಸಹಿ ಹಾಕಬೇಕು, ದಾರಿ ಬಿಡಬೇಕು; ಇದನ್ನು ಬಿಟ್ಟು ಹಾರಿದ ಕಡೆಯೆಲ್ಲ ಮುಂದೆ ಜಗಳ ಆಗಿದೆ. ಬಂಡೆಯನ್ನು ಪೂರ್ತಿ ತೆರೆದು, ತೊಳೆದು, ತೂತು ಕೊರೆದು ಕಬ್ಬಿಣದ ಸರಳು ನೆಟ್ಟು ಗಾರೆ ತುಂಬುತ್ತಾರೆ. ಹಲಗೆಯ ಅಚ್ಚಿನೊಳಗೆ ಗಾರೆ ಸುರಿದು, ಕಲ್ಲುಗಳನ್ನು ಒಂದಕ್ಕೊಂದು ತಾಗದಂತೆ ಒತ್ತಿ, ನಡುನಡುವೆ ಮುಳ್ಳುತಂತಿ ಹಾಸಿ, ಪದರ ಪದರವಾಗಿ ಏರಿಸುತ್ತಾರೆ. ಮುಗಿದ ಮೇಲೆ ಮೂರು ನಾಲ್ಕು ವಾರ ಗೋಡೆ ಒದ್ದೆಯಾಗಿಯೇ ಇರಬೇಕು. ಬೇಸಿಗೆಯಲ್ಲಿ, ಕುಡಿಯಲಿಕ್ಕೇ ನೀರು ಸಾಲದ ಊರಲ್ಲಿ, ಹೆಂಗಸರು ಕತ್ತೆಯ ಮೇಲೆ ನೀರು ತಂದು ಗೋಡೆಗೆ ಹಾಕುತ್ತಾರೆ. ಈ ಒಂದು ಕೆಲಸ ನೋಡಿದರೆ ಸಾಕು, ಕಟ್ಟೆ ಯಾರದ್ದು ಅನ್ನುವ ಪ್ರಶ್ನೆ ಉಳಿಯುವುದಿಲ್ಲ.

ಕಟ್ಟೆಗಳು ಕೆಡುವುದು ಹೆಚ್ಚಾಗಿ ಎರಡು ಕಡೆ. ಬಂಡೆ ಮುಟ್ಟದೆ ಅಡಿಪಾಯ ಹಾಕಿದರೆ ನೀರು ತಳದಿಂದ ಜಾರಿ ಹೋಗುತ್ತದೆ. ದಂಡೆಯೊಳಕ್ಕೆ ಚಾಚಿದ ರೆಕ್ಕೆಗೋಡೆ ಗಿಡ್ಡವಾದರೆ ದೊಡ್ಡ ಪ್ರವಾಹದಲ್ಲಿ ಹೊಳೆ ಕಟ್ಟೆಯನ್ನೇ ಬಿಟ್ಟು ಪಕ್ಕದ ಹೊಲ ಕೊರೆದು ಹೊಸ ದಾರಿ ಮಾಡಿಕೊಳ್ಳುತ್ತದೆ. ಅದಕ್ಕೇ ನಡುವೆ ಅಗಲವಾದ ಕೋಡಿ, ಎರಡೂ ಬದಿ ಎತ್ತರದ ರೆಕ್ಕೆ, ದಂಡೆಯ ಮೇಲೆ ನೇಪಿಯರ್ ಹುಲ್ಲು. ಹೊಳೆ ಗೋಡುಮಣ್ಣು ತರುವುದಾದರೆ ಗೋಡೆಯನ್ನು ಒಂದೇ ಸಲ ಏರಿಸದೆ, ಮಳೆಗಾಲಕ್ಕೆ ಅಡಿ ಒಂದೂವರೆ ಅಡಿಯಂತೆ ಹಂತಹಂತವಾಗಿ ಎತ್ತರಿಸುತ್ತಾರೆ.

ಆದರೆ ಗೋಡುಮಣ್ಣಿಗೆ ನಿಜವಾದ ಮದ್ದು ಇರುವುದು ಮೇಲಿನ ಗುಡ್ಡದಲ್ಲಿ. ಇಲ್ಲಿನ ಒಳ್ಳೆಯ ಸಂಸ್ಥೆಗಳು ಬಂದ ವರ್ಷವೇ ಕಟ್ಟೆ ಕಟ್ಟುವುದಿಲ್ಲ. ಮೊದಲು ಹೊಲಗಳಿಗೆ ಬದು. "ಫಾನ್ಯಾ ಜೂ" ಎಂಬ ಪದ್ಧತಿ: ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿ ಗೆರೆಯಲ್ಲಿ ಎರಡಡಿ ಅಗಲ, ಎರಡಡಿ ಆಳದ ಕಾಲುವೆ ತೋಡಿ, ಮಣ್ಣನ್ನು ಮೇಲ್ಬದಿಗೆ ಎಸೆದು ಬದು ಮಾಡಿ ಹುಲ್ಲು ನೆಡುವುದು. ಕೆಲವು ವರ್ಷಗಳಲ್ಲಿ ಇಳಿಜಾರು ತಾನಾಗಿ ಮೆಟ್ಟಿಲಾಗುತ್ತದೆ. 1930ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಗಳು ಮರುಭೂಮಿಯಾಗುತ್ತಿದೆ ಎಂದು ಕೈಬಿಟ್ಟು ಬರೆದ ಮಚಾಕೋಸ್‌ನಲ್ಲಿ 1990ರ ಹೊತ್ತಿಗೆ ಜನ ಐದು ಪಟ್ಟು ಹೆಚ್ಚಾಗಿದ್ದರು, ಮಣ್ಣಿನ ಕೊಚ್ಚಣೆ ಮಾತ್ರ ಕಡಿಮೆಯಾಗಿತ್ತು. ಎಷ್ಟೋ ಬದುಗಳನ್ನು ಹಾಕಿದ್ದು ಹೆಂಗಸರ ಗುಂಪುಗಳು. ಈ ಮನೆಯವರು ಆ ಮನೆಯ ಹೊಲಕ್ಕೆ, ಆ ಮನೆಯವರು ಈ ಹೊಲಕ್ಕೆ: ಕಂಬಾದಲ್ಲಿ ಇದು "ಮ್ವೆಥ್ಯ", ನಮ್ಮ ಮುಯ್ಯಾಳು.

ಅದೇ ಗುಂಪು ವಾರಕ್ಕೊಮ್ಮೆ ಕೂತು ಚೀಟಿ ದುಡ್ಡು ಹಾಕುತ್ತದೆ, ಸಾಲ ಕೊಡುತ್ತದೆ, ಸಸಿ ಬೆಳೆಸುತ್ತದೆ. ಹೆಸರು, ಅಲಸಂದೆ, ತೊಗರಿ, ಜೋಳದ ಬೀಜ ಕೂಡಿಟ್ಟು ಬಿತ್ತನೆಗೆ ಹಂಚುತ್ತದೆ. (ತೊಗರಿ ಇಲ್ಲಿ ಹಸಿಯಾಗಿಯೂ ಬೇಯುತ್ತದೆ, ಕಲಬುರಗಿಯವರು ಒಮ್ಮೆ ಬರಬೇಕು.) ಸಮಗ್ರ ಅಭಿವೃದ್ಧಿ ಎಂದು ವರದಿಗಳಲ್ಲಿ ಬರೆಯುವುದು ಇದನ್ನೇ. ಕಟ್ಟೆ ಮಾತ್ರ ಕಟ್ಟಿ, ಫಲಕ ನೆಟ್ಟು ಹೋದವರ ಗೋಡೆಗಳೂ ಈ ಸೀಮೆಯಲ್ಲಿ ಇವೆ. ಮರಳಿನ ನೀರೆತ್ತುವ ಪಂಪಿನ ವಾಷರ್ ಸವೆದರೆ ಬದಲಿಸಲು ಅಲ್ಲಿ ಯಾರೂ ಇಲ್ಲ.

ಮರಳಿಗೆ ಇಲ್ಲೂ ಕಳ್ಳರಿದ್ದಾರೆ. ನೈರೋಬಿಯ ಕಟ್ಟಡಗಳಿಗೆ ಲಾರಿಗಳು ರಾತ್ರಿ ಹೋಗುತ್ತವೆ. ಮಕುವೇನಿ ಕೌಂಟಿ 2015ರಲ್ಲಿ ಮರಳು ಉಳಿಸಲು ತನ್ನದೇ ಕಾನೂನು ಮಾಡಿತು. ಕಟ್ಟೆ ಇರುವ ಹೊಳೆಯಲ್ಲಿ ಲಾರಿ ಇಳಿದರೆ ಹೆಂಗಸರೇ ಅಡ್ಡ ನಿಲ್ಲುತ್ತಾರೆ. ಮರಳು ಹೋದರೆ ನೀರು ಹೋಯಿತು ಎಂದು ಅವರ ಮಕ್ಕಳಿಗೂ ಗೊತ್ತು.

ನಮಗೂ ಗೊತ್ತಿತ್ತು ಅನ್ನುವುದೇ ಸಂಕಟ. ತುಮಕೂರು ಸೀಮೆಯ ತಲಪರಿಗೆಗಳು ಬೇರೇನು? ಜಯಮಂಗಲಿ, ಪಿನಾಕಿನಿಗಳ ಮರಳು ತುಂಬಿದ್ದಾಗ ಅಗೆದ ಕಡೆ ಉಕ್ಕಿದ ನೀರನ್ನು ಕಾಲುವೆ ಮಾಡಿ ಗದ್ದೆಗೆ ಹಾಯಿಸಿದವರು, ಸರದಿ ಹಾಕಿ ಹಂಚಿಕೊಂಡವರು, ಹೂಳೆತ್ತಲು ಮನೆಗೊಂದು ಆಳು ಕಳಿಸಿದವರು ನಮ್ಮ ಹಿರಿಯರೇ. ಕೆರೆಗೆ ನೀರು ಬಿಡುವ ನೀರಗಂಟಿ ಇದ್ದ ನಾಡು ನಮ್ಮದು. ಆ ಮರಳನ್ನು ಬೆಂಗಳೂರಿಗೆ ಲಾರಿಗಟ್ಟಲೆ ಮಾರಿ, ಬೋರ್‌ವೆಲ್ ಕೊರೆದು, ಆಮೇಲೆ ಗುತ್ತಿಗೆದಾರ ತನಗೆ ಅನುಕೂಲವಾದ ಕಡೆ ಕಟ್ಟಿದ ಚೆಕ್ ಡ್ಯಾಂಗೆ ಬಿಲ್ಲು ಪಾಸು ಮಾಡಿದೆವು. ಜಾಗ ಎಲ್ಲಿ ಎಂದು ಯಾವ ಮುದುಕಿಯನ್ನೂ ಕೇಳಲಿಲ್ಲ.

ಕಟ್ಟೆಯ ಮಾತು ನಮ್ಮಲ್ಲಿ ಆಮೇಲೆ. ಮರಳು ಇನ್ನೂ ಉಳಿದಿರುವ ಹಳ್ಳಗಳು ಮಧುಗಿರಿ, ಕೊರಟಗೆರೆ, ಪಾವಗಡ ಕಡೆ ಇದ್ದರೆ ಅವನ್ನು ಗುರುತಿಸಿ ಲಾರಿ ಇಳಿಯದಂತೆ ಗ್ರಾಮಸಭೆಯಲ್ಲಿ ಬರೆಸಬೇಕು. ಉದ್ಯೋಗ ಖಾತ್ರಿಯ ಬದುಗಳನ್ನು ಆ ಹಳ್ಳದ ಮೇಲಿನ ಗುಡ್ಡದಿಂದ ಶುರುಮಾಡಿಸಬೇಕು. ನೋಡಲು ಒಂದು ಲೀಟರಿನ ಎರಡು ಬಾಟಲಿ ಸಾಕು. ಒಂದಕ್ಕೆ ಒಣ ಮರಳು ತುಂಬಿ, ನೀರು ಮೇಲೆ ಕಾಣುವವರೆಗೆ ನಿಧಾನ ಹೊಯ್ಯಿರಿ. ತಳದಲ್ಲಿ ತೂತು ಮಾಡಿ, ಹೊರಬಂದ ನೀರನ್ನು ಇನ್ನೊಂದರಲ್ಲಿ ಹಿಡಿದು ಅಳೆಯಿರಿ. ಕಾಲು ಲೀಟರ್ ಬಂದರೆ ಆ ಹಳ್ಳದ ಬಗ್ಗೆ ಮಾತಾಡಬಹುದು. ನೂರು ಮಿಲಿಲೀಟರೂ ಬರದಿದ್ದರೆ ಮೇಲಿನ ಹೊಲಗಳ ಮಣ್ಣು ಇನ್ನೂ ಹರಿದು ಬರುತ್ತಿದೆ ಎಂದರ್ಥ, ಸಿಮೆಂಟು ತರಿಸಬೇಡಿ.