ಎರಡು ದಿನ ಕೂತರೆ ಡಾಕ್ಯುಮೆಂಟೇಶನ್ ಆಗುತ್ತದೆಯೇ?

ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶದ ಕೆಲಸಗಳಲ್ಲಿ ನಾನು ತೊಡಗಿಕೊಂಡಿರುವುದು ಗೊತ್ತಿದ್ದವರು, ಅದರಲ್ಲೂ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರುಗಳು ಮತ್ತು ಊರೂರಿನ ಲಿನಕ್ಸ್ ಬಳಗದವರು, ಮತ್ತೆ ಮತ್ತೆ ಕೇಳುವುದು ಇದನ್ನೇ: “ಶನಿವಾರ, ಭಾನುವಾರ ಒಂದಿಪ್ಪತ್ತು ಜನರನ್ನು ಕೂರಿಸಿ ಡಾಕ್ಯುಮೆಂಟೇಶನ್ ಸ್ಪ್ರಿಂಟ್ ಮಾಡಬೇಕು ಅಂತಿದ್ದೀವಿ. ಅಷ್ಟರಲ್ಲಿ ನಿಜವಾಗಿ ಏನಾದರೂ ಆಗುತ್ತಾ? ಎಲ್ಲಿಂದ ಶುರು ಮಾಡೋದು?” ಡಾಕ್ಯುಮೆಂಟೇಶನ್ ಎಂದರೆ ತಂತ್ರಾಂಶವನ್ನು ಬಳಸುವುದು ಹೇಗೆ ಎಂದು ತಿಳಿಸುವ ಬರಹ, ಸ್ಪ್ರಿಂಟ್ ಎಂದರೆ ಅದಕ್ಕಾಗಿ ಕೆಲವು ದಿನ ಒಟ್ಟಿಗೆ ಕೂತು ಮಾಡುವ ಕೆಲಸ.

ಆಗುತ್ತದೆ. ಷರತ್ತು ಒಂದೇ: ಆ ತಂತ್ರಾಂಶವನ್ನು ಕಟ್ಟಿ ಕಾಪಾಡುತ್ತಿರುವವರಲ್ಲಿ, ಅಂದರೆ ಮೆಂಟೇನರ್‌ಗಳಲ್ಲಿ, ಒಬ್ಬರಾದರೂ ಎರಡೂ ದಿನ ಆ ಕೋಣೆಯಲ್ಲೇ ಇರಬೇಕು. ಜಾಗ, ಊಟ, ಇಂಟರ್ನೆಟ್, ಪೋಸ್ಟರ್ ಎಲ್ಲ ಆಮೇಲೆ. ಮೆಂಟೇನರ್ ಬರುವುದಿಲ್ಲ ಎಂದಾದರೆ ತಾರೀಖು ಮುಂದೂಡಿ ಎಂದೇ ಹೇಳುತ್ತೇನೆ. ಕೆಲವರಿಗೆ ಇದು ಅತಿಯಾಯಿತು ಅನ್ನಿಸುತ್ತದೆ. ಅದಕ್ಕೇ ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

2017ರಲ್ಲಿ, ತಂತ್ರಾಂಶಗಳ ಕೋಡ್ ಇಟ್ಟು ಕೂಡಿ ಕೆಲಸ ಮಾಡುವ ತಾಣವಾದ ಗಿಟ್‌ಹಬ್ ಮುಕ್ತ ತಂತ್ರಾಂಶದ ಬಗ್ಗೆ ಒಂದು ದೊಡ್ಡ ಸಮೀಕ್ಷೆ ನಡೆಸಿತು. ಅಪೂರ್ಣವಾದ, ಹಳತಾದ ಡಾಕ್ಯುಮೆಂಟೇಶನ್ ಎಲ್ಲೆಲ್ಲೂ ಕಾಡುವ ತೊಂದರೆ ಎಂದು ಉತ್ತರಿಸಿದವರಲ್ಲಿ ಶೇ. 93ರಷ್ಟು ಮಂದಿ ಹೇಳಿದರು. ಕೊಡುಗೆ ನೀಡುವವರಲ್ಲಿ ಶೇ. 60ರಷ್ಟು ಮಂದಿ ತಾವು ಡಾಕ್ಯುಮೆಂಟೇಶನ್‌ಗೆ ಕೈಹಾಕುವುದು ಅಪರೂಪ, ಅಥವಾ ಇಲ್ಲವೇ ಇಲ್ಲ ಎಂದರು. ಈ ಎರಡು ಅಂಕಿಗಳನ್ನು ಜೊತೆಗಿಟ್ಟು ‘ಬರೆಯುವವರ ಕೊರತೆ’ ಎಂದು ತೀರ್ಮಾನಿಸುವವರೇ ಹೆಚ್ಚು. ನನಗೆ ಕಾಣುವುದು ಬೇರೆ. ತಂತ್ರಾಂಶ ಬಲ್ಲವರಿಗೆ ಹೊಸಬರು ಎಲ್ಲಿ ಎಡವುತ್ತಾರೆ ಎಂಬುದು ಕಾಣಿಸುವುದಿಲ್ಲ. ಹಳೇ ಮನೆಯಲ್ಲಿ ಹುಟ್ಟಿ ಬೆಳೆದವರು ಬಾಗಿಲು ದಾಟುವಾಗ ತಲೆ ತಾನಾಗಿ ತಗ್ಗುತ್ತದೆ, ನೆಂಟರ ಹಣೆಗೆ ಮಾತ್ರ ತಾಗುತ್ತದೆ. ಎಡವುವ ಹೊಸಬರಿಗೋ ಎಡವಿದ್ದು ಗೊತ್ತು, ಏಕೆಂದು ಗೊತ್ತಿಲ್ಲ. ಈ ಇಬ್ಬರೂ ಒಂದೇ ಮೇಜಿಗೆ ಕೂರುವುದೇ ಇಲ್ಲ. ಸ್ಪ್ರಿಂಟ್ ಅಂದರೆ ಇವರನ್ನು ಒಟ್ಟಿಗೆ ಕೂರಿಸುವ ವ್ಯವಸ್ಥೆ. ಬರೆಯುವುದು ಅದರಿಂದ ಹುಟ್ಟುವ ಕೆಲಸ.

ನಮಗೆಲ್ಲ ಹತ್ತಿರದ ಒಂದು ಉದಾಹರಣೆ ತೆಗೆದುಕೊಳ್ಳಿ: ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡುವುದು ಹೇಗೆ ಎಂಬ ಪುಟ. ಲಿನಕ್ಸ್‌ಗೆ ತೆರೆಯ ಮೇಲಿನ ನೋಟ ಒದಗಿಸುವ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಭಾಷೆ ಸೇರಿಸುವ ಜಾಗ ಮೊದಲು ಸೆಟ್ಟಿಂಗ್ಸ್‌ನ ‘ರೀಜನ್ ಅಂಡ್ ಲ್ಯಾಂಗ್ವೇಜ್’ ವಿಭಾಗದಲ್ಲಿತ್ತು. 2021ರ ಗ್ನೋಮ್ 40ರಲ್ಲಿ ಅದು ‘ಕೀಬೋರ್ಡ್’ ವಿಭಾಗಕ್ಕೆ ಹೋಯಿತು. ಹಳೆಯ ಬರಹಗಳು ಇಂದಿಗೂ ಮೊದಲಿನ ಜಾಗಕ್ಕೇ ಕಳಿಸುತ್ತವೆ. ಓದುಗರು ಅಲ್ಲಿಗೆ ಹೋಗಿ ಹುಡುಕಿ, ಸಿಗದೆ, ತಮ್ಮ ಕಂಪ್ಯೂಟರಿನಲ್ಲೇ ಏನೋ ದೋಷವಿದೆ ಎಂದುಕೊಳ್ಳುತ್ತಾರೆ. ಸರಿಯಾದ ಜಾಗ ಸಿಕ್ಕರೂ ಪಟ್ಟಿಯಲ್ಲಿ ಕೆಜಿಪಿ ವಿನ್ಯಾಸ, ಅಂದರೆ ನುಡಿ ಬಳಸಿದವರ ಬೆರಳಿಗೆ ಒಗ್ಗಿದ ಕೀಲಿಮಣೆ, ಆ ಹೆಸರಿನಲ್ಲಿ ಕಾಣುವುದು ಐಬಸ್-ಎಂ17ಎನ್ ಎಂಬ ಹೆಚ್ಚುವರಿ ಕೀಲಿಮಣೆಗಳ ಪ್ಯಾಕೇಜ್ ಇದ್ದರೆ ಮಾತ್ರ. ಅದನ್ನು ಹಾಕಿದ ಮೇಲೂ ಒಮ್ಮೆ ಲಾಗೌಟ್ ಆಗಿ ಬರಬೇಕಾಗುವುದುಂಟು. ಬಲ್ಲವರು ಈ ಲಾಗೌಟನ್ನು ಯೋಚಿಸದೆಯೇ ಮಾಡಿಬಿಡುತ್ತಾರೆ, ಆದ್ದರಿಂದ ಬರೆಯುವುದಿಲ್ಲ.

ಇಂಥ ಪುಟವನ್ನು ಹೊಸಬರೊಬ್ಬರು ಓದುತ್ತಾ ಮಾಡುತ್ತಾ ಹೋಗುವಾಗ ಪಕ್ಕದಲ್ಲಿ ಬಲ್ಲವರು ಕೂತಿದ್ದರೆ ನಡೆಯುವ ಮಾತು ಹೀಗಿರುತ್ತದೆ:

“ಸರ್, ಪಟ್ಟೀಲಿ ಕನ್ನಡ ಇದೆ, ಆದ್ರೆ ಕೆಜಿಪಿ ಅಂತ ಇಲ್ಲ.”

“ಪ್ಯಾಕೇಜ್ ಹಾಕಿದ್ರಾ?”

“ಹಾಕಿದೀನಿ ಸರ್. ಹಾಗಂತ ಟರ್ಮಿನಲ್ಲೂ ಹೇಳ್ತು.”

“ಓ, ಲಾಗೌಟ್ ಮಾಡಿ ಬನ್ನಿ. ಅದು ಬರ್ದೇ ಇಲ್ವಲ್ಲ ಇಲ್ಲಿ!”

ಸ್ಪ್ರಿಂಟಿನ ಇಡೀ ಫಲ ಆ ಕೊನೆಯ ಸಾಲಿನಲ್ಲಿದೆ. ಆ ಕ್ಷಣದಲ್ಲೇ ಒಂದು ವಾಕ್ಯ ಪುಟಕ್ಕೆ ಸೇರುತ್ತದೆ. ಇದೇ ಸಂಗತಿ ಅಂಚೆಪಟ್ಟಿಯಲ್ಲೋ ತೊಂದರೆಗಳನ್ನು ದಾಖಲಿಸುವ ಇಶ್ಯೂ ಟ್ರ್ಯಾಕರ್‌ನಲ್ಲೋ ನಡೆದರೆ ಪ್ರಶ್ನೆ, ಮರುಪ್ರಶ್ನೆ, ಸ್ಕ್ರೀನ್‌ಶಾಟ್, ಮೌನ ಎಂದು ತಿಂಗಳು ಕಳೆಯಬಹುದು, ಕೇಳಿದವರು ಅಷ್ಟರಲ್ಲಿ ಹೊರಟೇ ಹೋಗಿರುತ್ತಾರೆ. ಅದೇ ಪುಟದಲ್ಲಿ ಮುಂದೆ ‘ಸೂಪರ್ ಮತ್ತು ಸ್ಪೇಸ್ ಒತ್ತಿ’ ಎಂದಿರುತ್ತದೆ. ಸೂಪರ್ ಎಂದರೆ ವಿಂಡೋಸ್ ಚಿಹ್ನೆಯ ಕೀಲಿ ಎಂದು ಯಾರೂ ಹೇಳಿರುವುದಿಲ್ಲ. ಅಂಥ ಇನ್ನೊಂದು ವಾಕ್ಯ, ಇನ್ನೊಂದು. ಸ್ಪ್ರಿಂಟಿನಲ್ಲಿ ಹುಟ್ಟುವ ಒಳ್ಳೆಯ ಕೆಲಸ ಬಹುಪಾಲು ಹೀಗೆ ಒಂದೊಂದೇ ವಾಕ್ಯದ್ದು.

ಹೀಗೆ ಕೂರಿಸಿ ಬರೆಸುವ ಪದ್ಧತಿಗೆ ಇತಿಹಾಸವೂ ಇದೆ. ಆಡಮ್ ಹೈಡ್ ಆರಂಭಿಸಿದ ಫ್ಲಾಸ್ ಮ್ಯಾನ್ಯುಯಲ್ಸ್ ಎಂಬ, ಮುಕ್ತ ತಂತ್ರಾಂಶಗಳಿಗೆ ಕೈಪಿಡಿ ಬರೆಯುವ ಬಳಗ ಐದು ದಿನದಲ್ಲಿ ಒಂದು ಪುಸ್ತಕ ಬರೆದು ಮುಗಿಸುವ ‘ಬುಕ್ ಸ್ಪ್ರಿಂಟ್’ ವಿಧಾನವನ್ನು ರೂಪಿಸಿತು. 2011ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಗೂಗಲ್ ಕಚೇರಿಯಲ್ಲಿ ನಡೆದ ಡಾಕ್ ಕ್ಯಾಂಪ್‌ನಲ್ಲಿ ಕೆಡಿಇ, ಓಪನ್‌ಸ್ಟ್ರೀಟ್‌ಮ್ಯಾಪ್, ಓಪನ್‌ಎಂಆರ್‌ಎಸ್, ಸಹಾನಾ ಈಡನ್ ಎಂಬ ನಾಲ್ಕು ಯೋಜನೆಗಳ ತಂಡಗಳು ಒಂದೊಂದು ಪುಸ್ತಕ ಬರೆದವು. ಆಯಾ ಯೋಜನೆಯ ಒಳಗಿನವರು ಅಲ್ಲಿದ್ದರು. ಕೂರಿಸಿ ಬರೆಸಲು ಅನುಭವವಿದ್ದ ನಿರ್ವಾಹಕರೂ ಇದ್ದರು. ಆ ಎರಡೂ ಇಲ್ಲದೆ ‘ಐದು ದಿನದಲ್ಲಿ ಪುಸ್ತಕ’ ಎಂಬ ಭಾಗವನ್ನಷ್ಟೇ ಎತ್ತಿಕೊಂಡರೆ ಉಳಿಯುವುದು ಅರೆಬರೆ ಫೈಲುಗಳು. 2019ರಲ್ಲಿ ಗೂಗಲ್ ಶುರು ಮಾಡಿದ ಸೀಸನ್ ಆಫ್ ಡಾಕ್ಸ್ ಬೇರೆ ದಾರಿ ಹಿಡಿಯಿತು: ತಿಂಗಳುಗಟ್ಟಲೆ ಕೆಲಸ, ಬರೆಯುವವರಿಗೆ ಹಣ. ಇಡೀ ಕೈಪಿಡಿಯನ್ನು ಹೊಸದಾಗಿ ಕಟ್ಟಬೇಕಾದರೆ ನಾನು ಆ ದಾರಿಯನ್ನೇ ಒಪ್ಪುತ್ತೇನೆ. ವಾರಾಂತ್ಯದ ಸ್ವಯಂಸೇವಕರ ಮೇಲೆ ಆ ಭಾರ ಹೊರಿಸುವುದು ನ್ಯಾಯವಲ್ಲ.

ಹಾಗಾದರೆ ಎಷ್ಟು ಜನರನ್ನು ಕರೆಯಬೇಕು? ಇದನ್ನು ಸಭಾಂಗಣದಲ್ಲಿರುವ ಕುರ್ಚಿ ನೋಡಿ ನಿರ್ಧರಿಸಬೇಡಿ. ಒಬ್ಬ ಮೆಂಟೇನರ್ ನಾಲ್ಕೈದು ಜನರ ಜೊತೆ ಚೆನ್ನಾಗಿ ಕೆಲಸ ಮಾಡಬಲ್ಲರು, ಆರನೆಯವರು ಬಂದಾಗ ಯಾರೋ ಒಬ್ಬರು ಕೈಕಟ್ಟಿ ಕೂರುತ್ತಾರೆ. ಬಲ್ಲವರು ಇಬ್ಬರಿದ್ದರೆ ಹತ್ತು ಜನ ಸಾಕು. ಅರವತ್ತು ಮಂದಿಯ ಗ್ರೂಪ್ ಫೋಟೊ ಚೆನ್ನಾಗಿ ಬರುತ್ತದೆ ಎಂದು ಕಾಲೇಜಿನವರು ಒತ್ತಾಯಿಸಿದರೆ, ಉಳಿದವರಿಗೆ ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕವಿಡುವ ತಂತ್ರಾಂಶ) ಕಲಿಸುವ ಕಾರ್ಯಾಗಾರವನ್ನು ಬೇರೆ ದಿನ ಇಟ್ಟುಕೊಳ್ಳಿ. ಎರಡನ್ನೂ ಬೆರೆಸಿದರೆ ಮೊದಲ ದಿನವೆಲ್ಲ ಗಿಟ್‌ಗೇ ಹೋಗುತ್ತದೆ.

ಮೆಂಟೇನರ್ ಯುರೋಪಿನಲ್ಲಿದ್ದು ಖುದ್ದಾಗಿ ಬರಲಾಗದಿದ್ದರೆ ವಿಡಿಯೊ ಕರೆಯಲ್ಲಾದರೂ ಇರಲಿ, ಆದರೆ ಆಗ ದಿನಚರಿಯನ್ನು ಅವರ ಗಡಿಯಾರಕ್ಕೆ ಹೊಂದಿಸಬೇಕು. ಜರ್ಮನಿಯಲ್ಲಿ ಬೇಸಿಗೆಯ ಬೆಳಿಗ್ಗೆ ಹತ್ತು ಎಂದರೆ ನಮಗೆ ಮಧ್ಯಾಹ್ನ ಒಂದೂವರೆ. ಊಟ ಮುಗಿಸಿಕೊಂಡೇ ಶುರು ಮಾಡಿ, ರಾತ್ರಿ ಎಂಟರವರೆಗೆ ಕೂರಿ. ಹೆಣ್ಣುಮಕ್ಕಳ ಹಾಸ್ಟೆಲ್ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಮೊದಲೇ ವಿಚಾರಿಸಿ ವಾರ್ಡನ್ ಜೊತೆ ಮಾತಾಡಿರಬೇಕು. ಇಲ್ಲದಿದ್ದರೆ ಒಳ್ಳೆಯ ಬರಹಗಾರ್ತಿಯರು ಆರು ಗಂಟೆಗೇ ಎದ್ದು ಹೋಗಬೇಕಾಗುತ್ತದೆ, ಮೆಂಟೇನರ್ ಜೊತೆಗಿನ ಹೊತ್ತು ಹುಡುಗರ ಪಾಲಿಗಷ್ಟೇ ಉಳಿಯುತ್ತದೆ.

ಮುಂದಿನದು ಪುಟಗಳ ಪಟ್ಟಿ. ‘ಬಂದ ಮೇಲೆ ನೋಡೋಣ’ ಎನ್ನುವಂತಿಲ್ಲ, ಹದಿನೈದು ದಿನ ಮೊದಲೇ ಕೈಯಲ್ಲಿರಬೇಕು. ಜನ ಪದೇ ಪದೇ ಕೇಳಿ, ಮೆಂಟೇನರ್ ಪದೇ ಪದೇ ಉತ್ತರಿಸಿ ದಣಿದಿರುವ ಪ್ರಶ್ನೆಗಳಿಂದ ಆ ಪಟ್ಟಿ ಹುಟ್ಟಬೇಕು. ಒಂದು ಪುಟಕ್ಕೆ ಒಂದು ಪ್ರಶ್ನೆ. ಡಾನಿಯೇಲೆ ಪ್ರೋಚಿದಾ ರೂಪಿಸಿದ ಡಯಾಟ್ಯಾಕ್ಸಿಸ್ ಎಂಬ ಚೌಕಟ್ಟು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅದು ಡಾಕ್ಯುಮೆಂಟೇಶನ್ನನ್ನು ಕೈಹಿಡಿದು ಕಲಿಸುವ ಪಾಠ, ಒಂದು ಕೆಲಸ ಮಾಡಿ ಮುಗಿಸುವ ಹಂತಗಳು, ತೆಗೆದು ನೋಡುವ ಮಾಹಿತಿ, ಏಕೆ ಹೀಗೆ ಎಂಬ ವಿವರಣೆ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಎರಡು ದಿನದಲ್ಲಿ ಚೆನ್ನಾಗಿ ಮುಗಿಯುವುದು ಎರಡನೆಯ ಬಗೆ. ಒಳ್ಳೆಯ ಪಾಠ ಬರೆಯಲು ಹಲವು ಸಲ ಹಲವರ ಮೇಲೆ ಪ್ರಯೋಗಿಸಿ ತಿದ್ದಬೇಕು. ವಿವರಣೆಯನ್ನು ಒಳಗಿನವರೇ ಬರೆಯಬೇಕು.

ಕಾಲೇಜಿನ ಲ್ಯಾಬ್‌ನಲ್ಲಿ ಮಾಡುವವರಿಗೆ ಕೆಲವು ಮಾತು. ಎಷ್ಟೋ ಲ್ಯಾಬ್‌ಗಳಲ್ಲಿ ಕಂಪ್ಯೂಟರ್ ಮರುಚಾಲೂ ಆದರೆ ಬರೆದದ್ದೆಲ್ಲ ಅಳಿಸಿಹೋಗುವ ಏರ್ಪಾಡು ಇರುತ್ತದೆ, ಕರೆಂಟು ಹೋಯಿತೆಂದರೆ ಮಧ್ಯಾಹ್ನದ ಕೆಲಸ ಮಾಯ. ಕಾಲೇಜಿನ ಇಂಟರ್ನೆಟ್ ಕಾಯುವ ಪ್ರಾಕ್ಸಿ, ಗಿಟ್ ಬಳಸುವ ಎಸ್‌ಎಸ್‌ಎಚ್ ದಾರಿಯನ್ನು ತಡೆಯುವುದುಂಟು, ಬ್ರೌಸರ್ ಬಳಸುವ ಎಚ್‌ಟಿಟಿಪಿಎಸ್ ದಾರಿಯನ್ನು ಬಿಡುತ್ತದೆ. ಆದ್ದರಿಂದ ಮೊದಲ ಕರಡನ್ನು ಈಥರ್‌ಪ್ಯಾಡ್, ಹೆಡ್ಜ್‌ಡಾಕ್‌ನಂಥ ಹಂಚಿಕೊಂಡು ಬರೆಯುವ ಪುಟದಲ್ಲೇ ಬರೆಯಿಸಿ. ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸುವುದನ್ನು ಗಿಟ್ ಬಲ್ಲ ಒಬ್ಬರು ನೋಡಿಕೊಳ್ಳಲಿ, ಆದರೆ ಬರೆದವರ ಹೆಸರು ಕಮಿಟ್‌ನಲ್ಲಿ, ಅಂದರೆ ಆ ಬದಲಾವಣೆಯ ದಾಖಲೆಯಲ್ಲಿ, ಸಹಲೇಖಕರಾಗಿ ಬರುವಂತೆ ಮಾಡಲಿ. ವಿಟಿಯು ಕಾಲೇಜುಗಳಾದರೆ ಇಂಟರ್ನಲ್ಸ್ ಯಾವ ವಾರ ಎಂದು ಕೇಳದೆ ತಾರೀಖು ಹಾಕಬೇಡಿ.

ಕೆಲಸ ನಡೆಯುವಾಗ ನಾನು ಪಟ್ಟುಹಿಡಿಯುವ ನಿಯಮವೊಂದಿದೆ. ಕೀಬೋರ್ಡ್ ಹೊಸಬರ ಕೈಯಲ್ಲೇ ಇರಬೇಕು, ಬಲ್ಲವರು ಅದನ್ನು ಮುಟ್ಟಬಾರದು. ಮೌಸ್ ಕಿತ್ತುಕೊಂಡು ‘ಇಲ್ನೋಡಿ’ ಎಂದು ಮಾಡಿತೋರಿಸಿದರೆ ಎದುರಿನವರ ಕೆಲಸ ಆಗುತ್ತದೆ, ಪುಟ ಮಾತ್ರ ಹಾಗೇ ಉಳಿಯುತ್ತದೆ. ಬಾಯಲ್ಲಿ ಹೇಳಲಿ, ಹೇಳಿದ್ದನ್ನು ಹೊಸಬರು ತಮ್ಮ ಮಾತಿನಲ್ಲಿ ಬರೆದುಕೊಳ್ಳಲಿ, ಬರೆದದ್ದನ್ನು ಪಕ್ಕದ ಮೇಜಿನ ಇನ್ನೊಬ್ಬರು ಏನೂ ಕೇಳದೆ ಮಾಡಿನೋಡಲಿ. ಅವರು ಎಲ್ಲೂ ನಿಲ್ಲದೆ ಕೊನೆ ಮುಟ್ಟಿದರೆ ಪುಟ ಸಿದ್ಧ. ಭಾಷೆ ತಿದ್ದುವುದು ಅದಾದ ಮೇಲೆ. ಇಂಗ್ಲಿಷ್ ಚೆನ್ನಾಗಿ ಬರದು ಎಂದು ಹಿಂಜರಿಯುವ ಹುಡುಗ ಹುಡುಗಿಯರಿಗೆ ನಾನು ಇದನ್ನೇ ಒತ್ತಿ ಹೇಳುತ್ತೇನೆ: ವ್ಯಾಕರಣ ತಿದ್ದುವವರು ಹತ್ತು ಜನ ಸಿಗುತ್ತಾರೆ. ನೀವು ಸಿಕ್ಕಿಹಾಕಿಕೊಂಡ ಜಾಗವನ್ನು ನೀವಲ್ಲದೆ ಯಾರೂ ತೋರಿಸಲಾರರು.

ಬಹುಮಾನದ ವಿಷಯ. “ಸರ್ಟಿಫಿಕೇಟ್ ಇದೆಯಾ, ಆಕ್ಟಿವಿಟಿ ಪಾಯಿಂಟ್ ಸಿಗುತ್ತಾ” ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ, ಅವರಿಗದು ಬೇಕು. ಬಂದವರಿಗೆಲ್ಲ ಕೊಡಿ. ಎಣಿಕೆಯ ಮೇಲೆ ಮಾತ್ರ ಏನನ್ನೂ ಕೊಡಬೇಡಿ. ಮುಕ್ತ ತಂತ್ರಾಂಶಕ್ಕೆ ಕೊಡುಗೆ ನೀಡಲು ಹುರಿದುಂಬಿಸುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮದಲ್ಲಿ 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟಿ-ಶರ್ಟ್ ಎಂದಿತ್ತು. ಯೋಜನೆಯನ್ನು ಪರಿಚಯಿಸುವ ರೀಡ್‌ಮಿ ಫೈಲಿಗೆ ‘ಅಮೇಜಿಂಗ್ ಪ್ರಾಜೆಕ್ಟ್’ ಎಂಬಂಥ ಪದ ಸೇರಿಸಿ ಕಳಿಸಿದವರ ಮಹಾಪೂರ ಬಂತು. ಅಕ್ಟೋಬರಿನ ಮೊದಲ ವಾರದಲ್ಲೇ ಸಂಘಟಕರು ನಿಯಮ ಬದಲಿಸಿ, ಒಪ್ಪಿಗೆ ಸೂಚಿಸಿದ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ಆ ಕಸವನ್ನು ಒಂದೊಂದಾಗಿ ತೆರೆದು ಮುಚ್ಚಿದ್ದು ಬಿಡುವಿನಲ್ಲಿ ದುಡಿಯುವ ಮೆಂಟೇನರ್‌ಗಳು. ಬಲ್ಲವರ ಹೊತ್ತನ್ನು ಉಳಿಸಬೇಕಾದ ಕೆಲಸವೇ ಅದನ್ನು ತಿಂದುಹಾಕಿತು.

ಇದೇ ಕಾರಣಕ್ಕೆ ಎಐ ಬರೆದುಕೊಟ್ಟ ಪುಟಗಳನ್ನು ಸ್ಪ್ರಿಂಟಿನಲ್ಲಿ ಬೇಡ ಎನ್ನುತ್ತೇನೆ. 2024ರಲ್ಲಿ ಜೆಂಟೂ ಎಂಬ ಲಿನಕ್ಸ್ ಯೋಜನೆ ಅಂಥ ಕೊಡುಗೆಗಳನ್ನು ಸ್ವೀಕರಿಸುವುದಿಲ್ಲ ಎಂದು ಘೋಷಿಸಿತು. ಪ್ರತಿ ಯೋಜನೆಯ ನಿಲುವು ಬೇರೆ, ಕೇಳಿ ತಿಳಿದುಕೊಳ್ಳಿ. ಯಾರೂ ಮಾಡಿನೋಡದ ಹಂತಗಳನ್ನು ಸಲೀಸಾದ ಭಾಷೆಯಲ್ಲಿ ಬರೆದಿಟ್ಟರೆ ಅದನ್ನು ಪರೀಕ್ಷಿಸುವ ಹೊರೆಯೆಲ್ಲ ಮತ್ತೆ ಮೆಂಟೇನರ್ ತಲೆಗೇ ಬೀಳುತ್ತದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹೊಸ ಪುಟ ಶುರು ಮಾಡಲು ಬಿಡಬೇಡಿ. ಆ ಹೊತ್ತು ಪೂರ್ತಿ ಪರಿಶೀಲನೆಗೆ ಮತ್ತು ಮರ್ಜ್ ಮಾಡುವುದಕ್ಕೆ, ಅಂದರೆ ಬರೆದದ್ದನ್ನು ಯೋಜನೆಗೆ ಸೇರಿಸುವುದಕ್ಕೆ. ಮರ್ಜ್ ಆಗದೆ ಮನೆಗೆ ಹೋದ ಪುಲ್ ರಿಕ್ವೆಸ್ಟ್‌ಗಳಲ್ಲಿ ಬಹಳಷ್ಟು ಹಾಗೇ ಒಣಗುತ್ತವೆ: ಮೆಂಟೇನರ್ ಒಂದು ಪ್ರಶ್ನೆ ಕೇಳುತ್ತಾರೆ, ಬರೆದವರಿಗೆ ಅಷ್ಟರಲ್ಲಿ ಪರೀಕ್ಷೆ. ಕೋಣೆಯಲ್ಲಿ ಅದೇ ಪ್ರಶ್ನೆಗೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು. ಹತ್ತು ಜನ ಸೇರಿ ಆರು ಪುಟ ಪ್ರಕಟಿಸಿದರೆ ಅದು ಒಳ್ಳೆಯ ಸ್ಪ್ರಿಂಟ್. ಮೂವತ್ತು ಕರಡು ಬಾಕಿ ಬಿಟ್ಟು ಎದ್ದರೆ ಮೆಂಟೇನರ್‌ಗೆ ಮೂವತ್ತು ಹೊಸ ಕೆಲಸ ಹಚ್ಚಿ ಬಂದಂತೆ. ಎಷ್ಟು ಮಾಡಿದರೂ ನಾಲ್ಕೈದು ಉಳಿದೇ ಉಳಿಯುತ್ತವೆ. ಅವನ್ನು ಎರಡು ವಾರದೊಳಗೆ ಮುಗಿಸುತ್ತೇನೆ ಎಂದು ಒಪ್ಪಿಕೊಂಡ ಒಬ್ಬರ ಹೆಸರು ಭಾನುವಾರ ಸಂಜೆಯೇ ಎಲ್ಲರ ಮುಂದೆ ನಿಗದಿಯಾಗಿರಲಿ.

ಎಲ್ಲಿಂದ ಶುರು ಎಂದು ಕೇಳಿದಿರಲ್ಲ, ಮೆಂಟೇನರ್‌ಗೆ ಬರೆಯುವ ಒಂದು ಚಿಕ್ಕ ಪತ್ರದಿಂದ. ಯಾವ ಪ್ರಶ್ನೆಗಳಿಗೆ ಉತ್ತರಿಸಿ ನೀವು ದಣಿದಿದ್ದೀರಿ, ನಾವು ಯಾವ ಆವೃತ್ತಿಯ ಮೇಲೆ ಕೆಲಸ ಮಾಡಬೇಕು, ಕೊಡುಗೆ ಕೊಡುವವರು ಮೊದಲೇ ಒಪ್ಪಬೇಕಾದ ಲೈಸೆನ್ಸ್ ಅಥವಾ ಕರಾರು ಇದೆಯೇ, ಆ ಭಾನುವಾರ ಮರ್ಜ್ ಬಟನ್ ಒತ್ತುವ ಅಧಿಕಾರವಿರುವವರು ಯಾರು ಸಿಗುತ್ತಾರೆ. ಇಷ್ಟು ಕೇಳಿ. ಉತ್ತರ ಬರಲು ಎರಡು ಮೂರು ವಾರ ಹಿಡಿಯಬಹುದು, ಹೆಚ್ಚಿನವರು ಇದನ್ನೆಲ್ಲ ಹೊಟ್ಟೆಪಾಡಿನ ಕೆಲಸ ಮುಗಿಸಿ ರಾತ್ರಿ ನೋಡುವವರು. ಒಮ್ಮೆ ನೆನಪಿಸಿ, ಸಿಟ್ಟು ಮಾಡಿಕೊಳ್ಳಬೇಡಿ. ಹಾಲ್ ಬುಕ್ ಮಾಡುವುದು ಉತ್ತರ ಬಂದ ಮೇಲೆ.