ಬೀಪ್ ನಂಬಿ ಬಿಟ್ಟ ಜಾಯಿಂಟ್

ಒಂದೇ ಮೋಟಾರಿಗೆ ಮೂರು ತಿಂಗಳಲ್ಲಿ ಎರಡು ಸಲ ವೈಂಡಿಂಗ್ ಮಾಡಿದೆ, ಅಂದರೆ ಸುಟ್ಟ ತಂತಿ ಸುರುಳಿ ತೆಗೆದು ಹೊಸದು ಸುತ್ತಿದೆ. ಎರಡನೇ ಸಲ ಅದು ಸುಟ್ಟಿದ್ದು ನನ್ನ ತಪ್ಪಿನಿಂದ.

ಶ್ರೀನಿವಾಸಪುರದ ಕಡೆ ಒಂದು ತೋಟ. ಅರ್ಧ ಮಾವು, ಅರ್ಧ ಟೊಮೇಟೊ. ಬೋರ್‌ವೆಲ್ 1,100 ಅಡಿ, 10 ಎಚ್‌ಪಿ ಮೋಟಾರ್ ಇಳಿಸಿರುವುದು 800 ಅಡಿಗೆ. ಅಷ್ಟು ಆಳದಿಂದ ಮೋಟಾರ್ ಎತ್ತಿಸಿ ಮತ್ತೆ ಇಳಿಸೋದು ಎಂಥ ಖರ್ಚು ಅಂತ ಕೋಲಾರದ ರೈತರಿಗೆ ಹೇಳಬೇಕಾಗಿಲ್ಲ. ಟೊಮೇಟೊ ಕಾಯಿ ಬಿಡೋ ಹೊತ್ತಲ್ಲಿ ನಾಲ್ಕು ದಿನ ನೀರು ನಿಂತರೆ ಆ ನಷ್ಟ ಬೇರೆ.

ಮೊದಲ ಸಲ ಸುಟ್ಟಾಗ ವೈಂಡಿಂಗ್ ಮಾಡಿ ಇಳಿಸಿದೆ. ಸ್ಟಾರ್ಟರಿಗೆ ಬರುವ ವೋಲ್ಟೇಜ್ ನೋಡಿದೆ, ಮೂರೂ ಫೇಸ್ ಸರಿಯಾಗಿತ್ತು. ಕರೆಂಟ್ ತೆಗೆಸಿ, ಕಟೌಟಿನಿಂದ (ಫ್ಯೂಸ್ ಕೂರುವ ಪೆಟ್ಟಿಗೆ) ಸ್ಟಾರ್ಟರಿನವರೆಗಿನ ಮೂರು ವೈರನ್ನೂ ಮಲ್ಟಿಮೀಟರಿನಲ್ಲಿ ಹಿಡಿದೆ, ವೈರ್ ತುಂಡಾಗಿಲ್ಲದಿದ್ದರೆ ಅದು ಬೀಪ್ ಅನ್ನುತ್ತದೆ. ಬೀಪ್, ಬೀಪ್, ಬೀಪ್. ವೈರ್ ಚೆನ್ನಾಗಿದೆ ಅಂತ ಬಂದುಬಿಟ್ಟೆ. ವೋಲ್ಟೇಜ್ ನೋಡಿದ್ದು ಮೋಟಾರ್ ನಿಂತಿದ್ದಾಗ ಅನ್ನೋದು ಆವತ್ತು ತಲೆಗೆ ಹೊಳೆಯಲಿಲ್ಲ.

ಎರಡನೇ ಸಲ ಸುಟ್ಟಾಗ ಯಜಮಾನರು ಒಂದು ಮಾತೂ ಬೈಯಲಿಲ್ಲ. "ನೀನು ನೋಡೇ ಹೋಗಿದ್ದೆಯಲ್ಲಪ್ಪಾ" ಅಂದರು, ಅಷ್ಟೇ. ವೈಂಡಿಂಗ್ ಮಾಡಿ ಮತ್ತೆ ಇಳಿಸಿದ ದಿನ ಮೂರು ಫೇಸ್ ಬಂದದ್ದು ರಾತ್ರಿ. ಈ ಸಲ ಮೋಟಾರ್ ಓಡುವಾಗಲೇ ಅಳೆದೆ. ವೈರ್ ಬಿಚ್ಚದೆ ಸುತ್ತ ಹಿಡಿದು ಆಂಪ್ ಅಳೆಯುವ ಟಾಂಗ್ ಟೆಸ್ಟರಿನಲ್ಲಿ ನೋಡಿದರೆ, ಆರ್, ವೈ, ಬಿ ಅನ್ನೋ ಮೂರು ಫೇಸಿನಲ್ಲಿ ಆರ್ 18 ಆಂಪ್, ವೈ 17, ಬಿ 15. ಒಂದು ಫೇಸ್ ಕಡಿಮೆ ಎಳೆದರೆ ಉಳಿದ ವೈಂಡಿಂಗ್ ಹೊರೆ ಹೊತ್ತು ಬಿಸಿಯಾಗುತ್ತದೆ. ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಯಾರೋ ಓವರ್‌ಲೋಡ್ ರಿಲೇಯನ್ನು (ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಭಾಗ) 22 ಆಂಪಿಗೆ ತಿರುಗಿಸಿಟ್ಟಿದ್ದರು. ಮೋಟಾರನ್ನು ಕಾಯಬೇಕಾದದ್ದು ಹಾಗೆ ಸುಮ್ಮನಾಗಿತ್ತು.

ಆಮೇಲೆ ಮೀಟರನ್ನು ಎಸಿ ವೋಲ್ಟಿಗೆ, ದೊಡ್ಡ ರೇಂಜಿಗೆ ಇಟ್ಟೆ. ಒಂದು ಪ್ರೋಬ್ ಕಟೌಟಿನ ಕೆಳಗಿನ ಸ್ಕ್ರೂಗೆ, ಇನ್ನೊಂದು ಅದೇ ಫೇಸ್ ಸ್ಟಾರ್ಟರಿಗೆ ಸೇರುವ ಸ್ಕ್ರೂಗೆ. ಒಂದೇ ವೈರಿನ ಎರಡು ತುದಿ. ಆರ್ 0.2 ವೋಲ್ಟ್. ವೈ 0.2. ಬಿ 9 ವೋಲ್ಟ್!

ಆರಡಿ ವೈರಿನಲ್ಲಿ 9 ವೋಲ್ಟ್ ಎಲ್ಲಿ ಹೋಗುತ್ತದೆ? 9ನ್ನು 15 ಆಂಪಿನಿಂದ ಭಾಗಿಸಿದರೆ 0.6 ಓಮ್, ಅದು ಕರೆಂಟಿಗೆ ಅಲ್ಲಿರುವ ತಡೆ. 9ನ್ನು 15ರಿಂದ ಗುಣಿಸಿದರೆ 135 ವ್ಯಾಟ್. ನೂರು ವ್ಯಾಟಿನ ಹಳೇ ಬಲ್ಬಿಗಿಂತ ಜಾಸ್ತಿ ಬಿಸಿ, ಬೋರ್ಡಿನ ಹಿಂದೆ ಎಲ್ಲೋ ಒಂದು ಕಡೆ ಕೂತಿದೆ.

ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಹುಡುಕಿದೆ. ಪೈಪಿನ ಬಾಯಲ್ಲಿ ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರ್ ತಿರುಚಿ ಟೇಪ್ ಸುತ್ತಿದ್ದರು. ಟೇಪ್ ಒಣಗಿದ ಹುಣಸೆ ಸಿಪ್ಪೆಯ ಹಾಗೆ ಪುಡಿಪುಡಿಯಾಗಿ ಉದುರಿತು. ಒಳಗೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ತಾಮ್ರ ಕಪ್ಪಾಗಿತ್ತು. ಅಲ್ಯೂಮಿನಿಯಂ ಗಾಳಿ ತಾಗಿದ ಕೂಡಲೇ ಮೇಲೊಂದು ಪೊರೆ ಕಟ್ಟಿಕೊಳ್ಳುತ್ತದೆ, ಆ ಪೊರೆಯಲ್ಲಿ ಕರೆಂಟ್ ಹರಿಯೋದಿಲ್ಲ. ಬಿಸಿಯಾದಾಗ ಅದು ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ದಿನಾ ಹೀಗಾಗಿ ತಿರುಚು ಸಡಿಲವಾಗುತ್ತದೆ. ಸಡಿಲವಾದಷ್ಟೂ ಓಮ್ ಜಾಸ್ತಿ, ಓಮ್ ಜಾಸ್ತಿಯಾದಷ್ಟೂ ಬಿಸಿ.

ಹಾಗಾದರೆ ಬೀಪ್ ಯಾಕೆ ಬಂತು? ಮಲ್ಟಿಮೀಟರ್ ಆ ವೈರಿಗೆ ಬಿಡೋದು ಒಂದು ಚಿಟಿಕೆ ಕರೆಂಟ್. ಹತ್ತಿಪ್ಪತ್ತು ಓಮ್ ಇದ್ದರೂ ಎಷ್ಟೋ ಮೀಟರ್ ಬೀಪ್ ಅನ್ನುತ್ತವೆ. ಓಮ್ ರೇಂಜಿನಲ್ಲಿ ಹಿಡಿದರೂ ಪ್ರೋಬ್ ವೈರಿನದೇ 0.2, 0.3 ಇರುತ್ತದೆ, ಅದರೊಳಗೆ 0.6 ಕಣ್ಣಿಗೆ ಬೀಳೋದು ಕಷ್ಟ. ಅದೇ ಜಾಯಿಂಟಿನಲ್ಲಿ 15 ಆಂಪ್ ಹರಿದಾಗ 9 ವೋಲ್ಟ್ ಆಗಿ ಎದ್ದು ನಿಲ್ಲುತ್ತದೆ.

ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗ ಜೊತೆಗಿದ್ದ. ಅವನು ಮೋಟಾರಿಗೂ ಇದೇ ಲೆಕ್ಕ ಹಾಕಿದ. 390 ವೋಲ್ಟ್, 17 ಆಂಪ್, ಭಾಗಿಸಿದರೆ 23 ಓಮ್. ಆದರೆ ಇಳಿಸಿದ ಮೇಲೆ ನಾವೇ ಅಳೆದಾಗ ಕೇಬಲ್ ಸೇರಿ ನಾಲ್ಕು ಓಮ್ ಕೂಡ ಇರಲಿಲ್ಲ. "ಅಣ್ಣಾ, ಮೀಟರ್ ಕೆಟ್ಟಿದೆಯಾ?" ಅಂದ. ಒಳ್ಳೆಯ ಪ್ರಶ್ನೆ. ಮೋಟಾರ್ ತಿರುಗುವಾಗ ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ, ಆ 23 ವೈಂಡಿಂಗ್ ತಂತಿಯ ಓಮ್ ಅಲ್ಲ. ಪಂಪ್ ಹಿಡಿದುಕೊಂಡು ತಿರುಗದೆ ನಿಂತರೆ ಆ ತಡೆ ಇಲ್ಲ, ಕರೆಂಟ್ ಐದಾರು ಪಟ್ಟು ಏರುತ್ತದೆ. ಮೋಟಾರಿನ ವ್ಯಾಟ್ ಬೇಕಾದರೆ 1.732 (ಮೂರು ಫೇಸಿನ ಲೆಕ್ಕಕ್ಕೆ ಬರುವ ಅಂಕೆ) ಗುಣಿಸು 390 ಗುಣಿಸು 17, ಅದನ್ನು ಪವರ್ ಫ್ಯಾಕ್ಟರ್, ಅಂದರೆ ಅದರಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲು, 0.8ರಿಂದ ಗುಣಿಸು. ಸುಮಾರು 9.2 ಕಿಲೋವ್ಯಾಟ್. ಜಾಯಿಂಟಿಗೆ ಇದ್ಯಾವುದೂ ಬೇಡ, ಅಲ್ಲಿ ವೋಲ್ಟ್ ಗುಣಿಸು ಆಂಪ್ ಅಷ್ಟೇ.

ಅವನು ಇನ್ನೊಂದು ಕೇಳಿದ. ಬೋರಿಗೆ ಇಳಿದ ಕೇಬಲಿನ ಒಂದೊಂದು ಎಳೆಗೂ ಮುಕ್ಕಾಲು ಓಮ್ ಇದೆಯಲ್ಲ, ಅದು ಯಾಕೆ ಸುಡಲ್ಲ? 17 ಆಂಪಿಗೆ ಅಲ್ಲಿ 217 ವ್ಯಾಟ್, ಜಾಯಿಂಟಿಗಿಂತ ಜಾಸ್ತಿ! ಆದರೆ ಅದು 800 ಅಡಿಗೆ ಹಂಚಿಹೋಗಿದೆ. ಜಾಯಿಂಟಿನದು ಒಂದು ಇಂಚಿನಲ್ಲಿ.

ಕರೆಂಟ್ ಎರಡು ಪಟ್ಟಾದರೆ ವೈರಿನ ಬಿಸಿ ನಾಲ್ಕು ಪಟ್ಟು. ಇದನ್ನು ಹೇಳುವಾಗ ನನಗೆ ಕೆಜಿಎಫ್ ನೆನಪಾಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ಕರೆಂಟ್ ತಂದರು. ವೋಲ್ಟೇಜನ್ನು ಸುಮಾರು 30 ಸಾವಿರಕ್ಕೆ ಏರಿಸಿದ್ದರಿಂದ ಆಂಪ್ ಇಳಿಯಿತು, ದಾರಿಯಲ್ಲಿ ಪೋಲಾಗೋದೂ ಇಳಿಯಿತು. ನಮ್ಮ ಜಿಲ್ಲೆಯ ಹುಡುಗರಿಗೆ ಈ ಲೆಕ್ಕ ಅಲ್ಲಿಂದಲೇ ಶುರು ಮಾಡಬೇಕು ಅನ್ನೋದು ನನ್ನ ಆಸೆ.

ಜಾಯಿಂಟ್ ಕತ್ತರಿಸಿ ಎಸೆದೆ. ತುದಿ ಉಜ್ಜಿ, ಅಲ್ಯೂಮಿನಿಯಂ–ತಾಮ್ರ ಸೇರಿಸುವ ಲಗ್ ಹಾಕಿ ಒತ್ತಿ ಕ್ರಿಂಪ್ ಮಾಡಿದೆ. ರಿಲೇಯನ್ನು ಮೋಟಾರಿನ ಪ್ಲೇಟಿನಲ್ಲಿದ್ದ ಆಂಪಿಗೆ ಇಳಿಸಿದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಮೂರೂ ಫೇಸ್ 17ರ ಆಸುಪಾಸು, ಬಿ ಫೇಸಿನ ಡ್ರಾಪ್, ಅಂದರೆ ವೈರಿನ ಎರಡು ತುದಿಯ ನಡುವಿನ ವೋಲ್ಟ್, 0.2. ಲೆಕ್ಕ ಹಾಕಿದರೆ ಮೂರೂವರೆ ವ್ಯಾಟ್ ಕೂಡ ಇಲ್ಲ. ಎರಡನೇ ವೈಂಡಿಂಗಿನ ದುಡ್ಡು ನಾನು ತೆಗೆದುಕೊಳ್ಳಲಿಲ್ಲ. ಯಜಮಾನರು ಎರಡು ಸಲ ಕೊಡಲು ಬಂದರು, ಬೇಡ ಅಂದೆ.

ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಗಡೆ ಮಾರ್ಕರಿನಲ್ಲಿ ತಾರೀಕು, ಮೂರು ಆಂಪ್, ಮೂರು ಡ್ರಾಪ್ ಬರೆದು ಬಂದೆ. ಈಗ ಎಲ್ಲಿ ಮೋಟಾರ್ ಇಳಿಸಿದರೂ ಹಾಗೇ ಬರೆಯುತ್ತೇನೆ. ಹೋದ ತಿಂಗಳು ಆ ದಾರಿಯಲ್ಲಿ ಹೋಗಿದ್ದೆ, ಮೋಟಾರ್ ಓಡುತ್ತಿತ್ತು. ಬಾಗಿಲು ತೆಗೆದು ಬಿ ಫೇಸ್ ಹಿಡಿದು ನೋಡಿದೆ. 0.2.