ತಿಂಗಳಿಗೆ ಎರಡು ದಿನ: ನನ್ನ ‘ಬ್ಲಡ್‌ಲೈನ್ಸ್’ ಓದಿನ ಲೆಕ್ಕ

ಜೂನ್ 1, 2025, ಭಾನುವಾರ

ಇವತ್ತು ‘ಬ್ಲಡ್‌ಲೈನ್ಸ್’ ಅನ್ನುವ ರಕ್ತಪಿಶಾಚಿ ಕಾದಂಬರಿ ಸರಣಿ ಶುರು ಮಾಡಿದೆ. ರಿಷೆಲ್ ಮೀಡ್ ಬರೆದ ‘ವ್ಯಾಂಪೈರ್ ಅಕಾಡೆಮಿ’ಯ ಆರು ಪುಸ್ತಕ ಮುಗಿಸಿ ಎರಡು ತಿಂಗಳಾಯಿತು. ಇದು ಅದರಿಂದ ಒಡೆದ ಕವಲು. ಇದೂ ಆರು ಪುಸ್ತಕವೇ.

ಅಕ್ಕ ಇದನ್ನು ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿದ್ದಾಗ, ಒಂದೊಂದೇ ಬಿಡುಗಡೆಯಾಗುತ್ತಿದ್ದ ಕಾಲದಲ್ಲಿ ಓದಿದವಳು. ಮೊದಲ ನಾಲ್ಕು ಪುಸ್ತಕ ಅವಳದ್ದೇ. ತುಮಕೂರಿನಿಂದ ಬರುವಾಗ ತಂದುಕೊಟ್ಟು, ಜೊತೆಗೆ ಒಂದು ಮಾತನ್ನೂ ಕೊಟ್ಟಳು. “ನೀನು ಹದಿನೈದು ದಿನದಲ್ಲಿ ಎಲ್ಲಾ ನುಂಗಿಬಿಡ್ತೀಯ. ಕಾಯೋದ್ರಲ್ಲೇ ಕಣೇ ಅರ್ಧ ಮಜಾ ಇದ್ದಿದ್ದು.”

ಅದು ಸ್ವಲ್ಪ ಚುಚ್ಚಿತು. ಅದಕ್ಕೇ ಈ ಲೆಕ್ಕ. ಮೊದಲ ಪುಸ್ತಕ ಬಂದದ್ದು 2011ರ ಆಗಸ್ಟ್‌ನಲ್ಲಿ. ಎರಡನೆಯದು 2012ರ ಜೂನ್, ಮೂರನೆಯದು 2013ರ ಫೆಬ್ರವರಿ, ನಾಲ್ಕನೆಯದು ಅದೇ ವರ್ಷದ ನವೆಂಬರ್, ಐದನೆಯದು 2014ರ ಜುಲೈ, ಆರನೆಯದು 2015ರ ಫೆಬ್ರವರಿ. ಅಂದರೆ 10, 8, 9, 8, 7 ತಿಂಗಳ ಅಂತರ. ಒಂದು ತಿಂಗಳಿಗೆ ಎರಡು ದಿನ ಅಂತ ಹಿಡಿದೆ. ಹಾಗಾದರೆ ನಾನು ಕಾಯಬೇಕಾದದ್ದು 20, 16, 18, 16, 14 ದಿನ. ಒಟ್ಟು 84. ಪುಸ್ತಕ ಬೇಗ ಮುಗಿದರೂ ಮುಂದಿನದನ್ನು ಅದರ ‘ಬಿಡುಗಡೆ’ ದಿನದವರೆಗೆ ಮುಟ್ಟುವಂತಿಲ್ಲ.

ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಐದು ದಿನಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದೆ. ಜೂನ್ 21, ಜುಲೈ 7, ಜುಲೈ 25, ಆಗಸ್ಟ್ 10, ಆಗಸ್ಟ್ 24. ಅಮ್ಮ ನೋಡಿ, “ಏನೇ ಇದು, ಗ್ಯಾಸ್ ಬುಕ್ ಮಾಡಿದ್ದಾ?” ಅಂದರು.

ಜೂನ್ 4

ಮುಖ್ಯ ಸರಣಿಯಲ್ಲಿ ಸಿಡ್ನಿ ಸೇಜ್ ನಾಲ್ಕನೇ ಪುಸ್ತಕದಲ್ಲಿ ರಷ್ಯಾದಲ್ಲಿ ಸಿಗುತ್ತಾಳೆ. ಆ ಸರಣಿಯ ನಾಯಕಿ ರೋಸ್‌ಳನ್ನು ಸೈಬೀರಿಯಾ ಕಡೆಗೆ ಕರೆದುಕೊಂಡು ಹೋಗುವ ಹುಡುಗಿ. ಆಗ ನಾನು ಅವಳ ಹೆಸರನ್ನೂ ಸರಿಯಾಗಿ ನೆನಪಿಟ್ಟುಕೊಂಡಿರಲಿಲ್ಲ. ಈಗ ಇಡೀ ಕಥೆ ಅವಳ ಬಾಯಲ್ಲಿ.

ಇವಳು ಆಲ್ಕೆಮಿಸ್ಟ್. ವ್ಯಾಂಪೈರ್‌ಗಳಿದ್ದಾರೆ ಅನ್ನುವುದು ಊರಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುವುದು ಇವರ ಕೆಲಸ. ಸತ್ತ ಸ್ಟ್ರಿಗೋಯ್‌ಗಳ (ಕೊಲ್ಲುವ ವ್ಯಾಂಪೈರ್‌ಗಳ) ಹೆಣವನ್ನು ಕೆಮಿಕಲ್ ಹಾಕಿ ಕರಗಿಸುತ್ತಾರೆ, ಕಾಗದಪತ್ರ ಸರಿಮಾಡುತ್ತಾರೆ. ಎಡಗೆನ್ನೆಯ ಮೇಲೆ ಚಿನ್ನದ ಲಿಲಿ ಹೂವಿನ ಹಚ್ಚೆ. ಆ ಶಾಯಿಯಲ್ಲಿ ವ್ಯಾಂಪೈರ್ ರಕ್ತ ಬೆರೆತಿದೆ. ಹೊರಗಿನವರ ಮುಂದೆ ಗುಟ್ಟು ಬಾಯಿಬಿಡದಂತೆ ಅದೇ ಕಟ್ಟಿಹಾಕುತ್ತದೆ. ರಕ್ತಪಿಶಾಚಿಗಳನ್ನು ಕಂಡರಾಗದ ಜನ ಅವರದೇ ರಕ್ತವನ್ನು ಕೆನ್ನೆಯ ಮೇಲೆ ಹೊತ್ತು ಓಡಾಡುವುದು! ಇದನ್ನು ಲೇಖಕಿ ಎಲ್ಲೂ ಒತ್ತಿ ಹೇಳುವುದಿಲ್ಲ. ಸುಮ್ನೆ ಇಟ್ಟಿದ್ದಾರೆ.

ಹೊಸಬರಿಗೆ ಒಂದು ಮಾತು. ಇಲ್ಲಿ ಮೊರೋಯ್ ಅಂದರೆ ಬದುಕಿರುವ ವ್ಯಾಂಪೈರ್‌ಗಳು. ರಕ್ತ ಕುಡಿಯುತ್ತಾರೆ, ಆದರೆ ಕೊಲ್ಲುವುದಿಲ್ಲ. ಸ್ಟ್ರಿಗೋಯ್ ಸತ್ತೂ ಸಾಯದವರು, ಕೊಂದೇ ಕುಡಿಯುವವರು. ಎರಡೂ ಹೆಸರು ರೊಮೇನಿಯಾದ ಜನಪದ ಕಥೆಗಳಿಂದ ಬಂದವು.

ಜೂನ್ 9

ಮೊದಲನೆಯದು ಮುಗಿಯಿತು. ಇನ್ನೂ ಹನ್ನೆರಡು ದಿನ ಕಾಯಬೇಕು. ಯಾಕೆ ಬೇಕಿತ್ತು ಈ ನಿಯಮ!

ಕಥೆ ಇಷ್ಟು. ಮೊರೋಯ್‌ಗಳ ರಾಣಿಯ ತಂಗಿ ಜಿಲ್‌ಳನ್ನು ಕೊಲ್ಲಲು ನೋಡುತ್ತಿದ್ದಾರೆ. ಅವಳು ಹೋದರೆ ರಾಣಿಗೆ ಸಿಂಹಾಸನವೂ ಹೋಗುತ್ತದೆ, ಅವರ ಕಾನೂನು ಹಾಗಿದೆ. ಅದಕ್ಕೆ ಅವಳನ್ನು ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ನಲ್ಲಿ, ಮರುಭೂಮಿಯ ಉರಿಬಿಸಿಲಿನಲ್ಲಿ, ಒಂದು ಬೋರ್ಡಿಂಗ್ ಶಾಲೆಯಲ್ಲಿ ಬಚ್ಚಿಡುತ್ತಾರೆ. ಅಂಥ ಬಿಸಿಲಲ್ಲಿ ವ್ಯಾಂಪೈರ್‌ಗಳನ್ನು ಯಾರು ಹುಡುಕುತ್ತಾರೆ, ಅಲ್ವಾ? ಆದರೆ ಪಾಪ, ಆಟದ ಪಿರಿಯಡ್‌ನಲ್ಲಿ ಜಿಲ್‌ಗೆ ತಲೆ ಸುತ್ತುತ್ತದೆ. ಸಿಡ್ನಿ ಅವಳ ಅಕ್ಕನ ವೇಷದಲ್ಲಿ ಅದೇ ರೂಮಿನಲ್ಲಿರಬೇಕು. ಪಕ್ಕದ ಮಂಚದಲ್ಲಿ ವ್ಯಾಂಪೈರ್ ಮಲಗಿದ್ದಾಳೆ ಅಂತ ಇವಳಿಗೆ ನಿದ್ದೆ ಹತ್ತುವುದಿಲ್ಲ.

ನನಗೆ ಹಿಡಿಸಿದ್ದು ಇದೇ. ರೋಸ್ ವ್ಯಾಂಪೈರ್‌ಗಳ ಮಧ್ಯೆಯೇ ಬೆಳೆದವಳು, ಅವಳಿಗೆ ಹಲ್ಲು ಕಂಡರೆ ಏನೂ ಅನಿಸುವುದಿಲ್ಲ. ಆರು ಪುಸ್ತಕ ಅವಳ ಜೊತೆ ಕಳೆದು ನನಗೂ ಭಯ ಹೋಗಿತ್ತು. ಸಿಡ್ನಿ ಬಂದು ಅದೇ ಲೋಕವನ್ನು ಮತ್ತೆ ವಿಚಿತ್ರ ಮಾಡಿದಳು. ಜಿಲ್‌ಗೆ ರಕ್ತ ಬೇಕಾದಾಗ ಊರಾಚೆ ಒಬ್ಬ ಮುದುಕನ ಮನೆಗೆ ಕಾರಿನಲ್ಲಿ ಬಿಟ್ಟು ಕರೆದುಕೊಂಡು ಬರುವುದು ಇವಳ ಪಾಲಿಗೆ. ಟ್ಯೂಷನ್‌ಗೆ ಬಿಟ್ಟು ಹೊರಗೆ ಕಾಯುವ ಅಮ್ಮಂದಿರ ಹಾಗೆ! ಆದರೆ ಇವಳಿಗೆ ಒಳಗೊಳಗೇ ಹೊಟ್ಟೆ ತೊಳಸುತ್ತಿರುತ್ತದೆ.

ಮತ್ತೆ ಆ ಇತಿಹಾಸದ ಟೀಚರ್ ಟರ್ವಿಲಿಗರ್. ಸಿಡ್ನಿಯ ಸುಳ್ಳು ಸರ್‌ನೇಮ್ ಮೆಲ್‌ರೋಸ್. ಟೀಚರ್ ಕರೆಯುವುದು ‘ಮಿಸ್ ಮೆಲ್ಬರ್ನ್’ ಅಂತ. ಸಿಡ್ನಿ, ಮೆಲ್ಬರ್ನ್. ಗೊತ್ತಾದಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕೆ.

ಜೂನ್ 12

ಖಾಲಿ ದಿನಗಳಲ್ಲಿ ಹೊಸದಾಗಿ ಬಂದ ವ್ಯಾಂಪೈರ್ ಕಾದಂಬರಿಗಳನ್ನು ನೋಡೋಣ ಅಂತ ಕೂತೆ. ಮೊನ್ನೆ 10ಕ್ಕೆ ವಿ. ಇ. ಶ್ವಾಬ್ ಅವರ ‘ಬರಿ ಅವರ್ ಬೋನ್ಸ್ ಇನ್ ದಿ ಮಿಡ್‌ನೈಟ್ ಸಾಯಿಲ್’ ಬಂದಿದೆ. ಮೂವರು ಹೆಂಗಸರು, ಮೂರು ಕಾಲ. 1532ರ ಸ್ಪೇನ್, 1827ರ ಲಂಡನ್, 2019ರ ಬಾಸ್ಟನ್. ಫೋನಿನಲ್ಲಿ ಸ್ಯಾಂಪಲ್ ಇಳಿಸಿಕೊಂಡು ಓದಿದೆ. ಬರವಣಿಗೆ ಚೆನ್ನಾಗಿದೆ, ಬೆಲೆ ಜಾಸ್ತಿ. ಪೇಪರ್‌ಬ್ಯಾಕ್ ಬರಲಿ.

ಮಾರ್ಚ್‌ನಲ್ಲಿ ಬಂದ ಸ್ಟೀಫನ್ ಗ್ರಹಾಂ ಜೋನ್ಸ್ ಅವರ ‘ದಿ ಬಫಲೋ ಹಂಟರ್ ಹಂಟರ್’ ಮಾತ್ರ ಇ-ಪುಸ್ತಕ ಕೊಂಡೆ. ಅದು ಅಮೆರಿಕದ ಮೊಂಟಾನಾದ ಕಥೆ. ‘ವ್ಯಾಂಪೈರ್ ಅಕಾಡೆಮಿ’ಯ ಶಾಲೆ ಇರುವುದೂ ಮೊಂಟಾನಾದಲ್ಲೇ.

ಜೂನ್ 21, ಶನಿವಾರ

ಎರಡನೆಯದರ ದಿನ. ‘ದಿ ಗೋಲ್ಡನ್ ಲಿಲಿ’. ಬೆಳಗ್ಗೆ ಆರಕ್ಕೇ ಎದ್ದೆ. ಅಮ್ಮನಿಗೆ ಅನುಮಾನ.

ಜೂನ್ 26

ಪಾಮ್ ಸ್ಪ್ರಿಂಗ್ಸ್‌ನಲ್ಲೇ ಇರುವ ಮೊರೋಯ್ ಹುಡುಗ ಏಡ್ರಿಯನ್ ಹಳದಿ ಬಣ್ಣದ ಹಳೇ ಮಸ್ಟಾಂಗ್ ಕಾರು ಕೊಂಡಿದ್ದಾನೆ, 1967ರ ಮಾಡೆಲ್. ಅದು ಗೇರ್ ಗಾಡಿ, ಇವನಿಗೆ ಗೇರ್ ಹಾಕಲು ಬರುವುದಿಲ್ಲ. ಸಿಡ್ನಿಗೆ ಕಾರ್ ಅಂದರೆ ಪ್ರಾಣ, ಆದ್ದರಿಂದ ಕಲಿಸಲು ಒಪ್ಪುತ್ತಾಳೆ. ಅವಳಿಗೆ ಹತ್ತಿರವಾಗಲು ಅವನು ಹುಡುಕಿದ ದಾರಿ ಇದು ಅನ್ನುವುದು ಓದುವವರಿಗೆಲ್ಲ ಗೊತ್ತು, ಅವಳೊಬ್ಬಳಿಗೆ ಬಿಟ್ಟು. ಕ್ಲಚ್ ಬಿಡುವುದನ್ನು ಹೇಳಿಕೊಡುತ್ತಾ ಶುರುವಾಗುವ ಪ್ರೀತಿಯನ್ನು ನಾನು ನಂಬುತ್ತೇನೆ. ಗುಂಡಿಗೆ ಡಬಡಬ ಅಂದಿತು ಅಂತ ಬರೆದಿದ್ದರೆ ನಂಬುತ್ತಿರಲಿಲ್ಲ.

ಮಧ್ಯದಲ್ಲಿ ಬ್ರೇಡನ್ ಅನ್ನುವ ಹುಡುಗನ ಜೊತೆ ಡೇಟಿಂಗ್ ಬರುತ್ತದೆ. ಸ್ವಲ್ಪ ಎಳೆದಿದ್ದಾರೆ.

ಜುಲೈ 3

‘ಬಫಲೋ ಹಂಟರ್’ ಮುಗಿಯಿತು. 1912ರಲ್ಲಿ ಗುಡ್ ಸ್ಟ್ಯಾಬ್ ಅನ್ನುವ, ಅಮೆರಿಕದ ಮೂಲನಿವಾಸಿ ಬ್ಲ್ಯಾಕ್‌ಫೀಟ್ ಬುಡಕಟ್ಟಿನ ಮನುಷ್ಯ ಒಬ್ಬ ಪಾದ್ರಿಯ ಮುಂದೆ ತನ್ನ ಕಥೆ ಹೇಳಿಕೊಳ್ಳುತ್ತಾನೆ. 1870ರ ಜನವರಿಯಲ್ಲಿ ಮರಿಯಾಸ್ ನದಿ ದಂಡೆಯಲ್ಲಿ ಅಮೆರಿಕನ್ ಸೇನೆ ಅವನ ಜನರನ್ನು ಕೊಂದದ್ದು ನಡೆದ ಇತಿಹಾಸ. ಪುಸ್ತಕ ನಿಂತಿರುವುದು ಅದರ ಮೇಲೆ. ಈ ವ್ಯಾಂಪೈರ್ ಯಾರ ರಕ್ತ ಕುಡಿಯುತ್ತಾನೋ ನಿಧಾನಕ್ಕೆ ಅವರ ಹಾಗೇ ಆಗುತ್ತಾ ಹೋಗುತ್ತಾನೆ. ತನ್ನವನಾಗಿ ಉಳಿಯಬೇಕಾದರೆ ತನ್ನವರದ್ದೇ ರಕ್ತ ಕುಡಿಯಬೇಕು. ಅದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇದಾದ ಮೇಲೆ ಪಾಮ್ ಸ್ಪ್ರಿಂಗ್ಸ್‌ಗೆ ವಾಪಸ್ ಹೋಗುವುದು ಕಷ್ಟವಾಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಮಸಾಲೆ ದೋಸೆ ತಿಂದ ಮೇಲೂ ಕಾಫಿಗೆ ಜಾಗ ಇದ್ದೇ ಇರುತ್ತದಲ್ಲ.

ಜುಲೈ 7ರಿಂದ 13

‘ದಿ ಇಂಡಿಗೊ ಸ್ಪೆಲ್’. ಆರು ದಿನದಲ್ಲಿ ಮುಗಿಸಿದೆ. ಆಲ್ಕೆಮಿಸ್ಟ್‌ರನ್ನು ಬಿಟ್ಟು ಓಡಿಹೋದ ಮಾರ್ಕಸ್, ಹಚ್ಚೆಯ ಕಟ್ಟು ಬಿಡಿಸಿಕೊಳ್ಳುವ ದಾರಿ, ಮಾಟ. ಕಥೆ ಓಡುತ್ತದೆ. ಜಾಸ್ತಿ ಬರೆಯುವುದೇನೂ ಇಲ್ಲ.

ಜುಲೈ 25

‘ದಿ ಫಯರಿ ಹಾರ್ಟ್’. ಮೂರು ಪುಸ್ತಕ ಸಿಡ್ನಿಯೊಬ್ಬಳದ್ದೇ ದನಿ. ಇಲ್ಲಿಂದ ಏಡ್ರಿಯನ್ ಕೂಡ ಕಥೆ ಹೇಳುತ್ತಾನೆ. ಶುರುವಿನಲ್ಲಿ ನನಗೆ ಸಿಟ್ಟು ಬಂತು. ಅವನ ತಲೆಯೊಳಗೆ ಏನಿದೆ ಅಂತ ಊಹಿಸುವುದೇ ಇಷ್ಟು ದಿನದ ಖುಷಿಯಾಗಿತ್ತು.

ಜುಲೈ 29, ರಾತ್ರಿ ಒಂದು ಗಂಟೆ

ಮುಗಿಯಿತು. ಹೀಗಾ ಮುಗಿಸುವುದು?

ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ಇಬ್ಬರ ದನಿ ಯಾಕೆ ಬೇಕಿತ್ತು ಅಂತ ಮಾತ್ರ ಈಗ ಗೊತ್ತಾಯಿತು. ಸಿಟ್ಟು ವಾಪಸ್ ತಗೊಂಡೆ. ಆಗಸ್ಟ್ 10ಕ್ಕೆ ಇನ್ನೂ ಹನ್ನೆರಡು ದಿನ.

ಜುಲೈ 30

ಅಕ್ಕನಿಗೆ ಫೋನ್ ಮಾಡಿದೆ. “ನಿಯಮ ಮುರಿದುಬಿಡ್ತೀನಿ ಕಣೇ.”

“ನಾನು ಎಂಟು ತಿಂಗಳು ಕಾದಿದ್ದೆ. ನಿಂಗೆ ಎರಡು ವಾರ ಆಗಲ್ವಾ?”

“ಹೋಗ್ಲಿ, ಕೊನೆಗೆ ಎಲ್ಲಾ ಸರಿಹೋಗುತ್ತಾ? ಅಷ್ಟು ಹೇಳು.”

“ಕ್ಯಾಲೆಂಡರ್ ಮೇಲೆ ‘ನಾಳೆ ಬಾ’ ಅಂತ ಬರಿ. ದಿನಾ ಓದ್ಕೊಂಡು ವಾಪಸ್ ಹೋಗು,” ಅಂದು ಫೋನ್ ಇಟ್ಟಳು. ನಾವು ಚಿಕ್ಕವರಿದ್ದಾಗ ಬಾಗಿಲ ಮೇಲೆ ಹಾಗೆ ಬರೆದರೆ ದೆವ್ವ ಓದಿಕೊಂಡು ವಾಪಸ್ ಹೋಗುತ್ತದೆ ಅಂತ ನಂಬಿಕೆಯಿತ್ತು. ಈಗ ನಾನೇ ದೆವ್ವ.

ಆಗಸ್ಟ್ 5

ಐದು ಮತ್ತು ಆರು ಅಕ್ಕನ ಹತ್ತಿರ ಇಲ್ಲ. ಐದನೆಯದನ್ನು ರೂಮ್‌ಮೇಟ್‌ನಿಂದ ಇಸಕೊಂಡು ಓದಿದ್ದಂತೆ. ಹಾಗಾಗಿ ಹಳೇ ಪುಸ್ತಕ ಮಾರುವವರೊಬ್ಬರಿಗೆ ಆನ್‌ಲೈನ್‌ನಲ್ಲಿ ಐದನೆಯದನ್ನು ಮೊದಲು ಆರ್ಡರ್ ಮಾಡಿದ್ದೆ. ಇವತ್ತು ಪಾರ್ಸೆಲ್ ಬಂತು. ಬಿಚ್ಚಿದರೆ ಆರನೆಯದು!

ಹಿಂದಿನ ರಟ್ಟಿನ ಮೇಲೆ ಕಣ್ಣು ಬೀಳುವ ಮೊದಲೇ ಮಗುಚಿ ಹಾಕಿದೆ. ಅಮ್ಮನ ಬೀರುವಿನಲ್ಲಿ ಕಂದು ಬೈಂಡ್ ಪೇಪರ್ ಇತ್ತು. ಕಣ್ಣು ಅರ್ಧ ಮುಚ್ಚಿಕೊಂಡು, ಸ್ಕೂಲ್ ಪುಸ್ತಕಕ್ಕೆ ಹಾಕುತ್ತಿದ್ದ ಹಾಗೆ ಮೂಲೆ ಮಡಚಿ, ಬೈಂಡ್ ಹಾಕಿದೆ. ಲೇಬಲ್ ಕೂಡ ಅಂಟಿಸಿದೆ. ಹೆಸರು: ನನ್ನದು. ವಿಷಯ: ಆಗಸ್ಟ್ 24. ಐದನೆಯದನ್ನು ಬೇರೆ ಕಡೆ ಹೊಸದಾಗಿಯೇ ತರಿಸಿದೆ. ಖರ್ಚು ಡಬಲ್.

ಆಗಸ್ಟ್ 10ರಿಂದ 15

‘ಸಿಲ್ವರ್ ಶ್ಯಾಡೋಸ್’. ನಾಲ್ಕನೆಯದನ್ನು ಓದದವರು ಈ ಪ್ಯಾರಾ ಬಿಟ್ಟುಬಿಡಿ. ಸಿಡ್ನಿಯನ್ನು ‘ಮತ್ತೆ ಪಾಠ ಕಲಿಸಲು’ ಅಂತ ಆಲ್ಕೆಮಿಸ್ಟ್‌ರು ಕತ್ತಲ ಕೋಣೆಯಲ್ಲಿ ಕೂಡಿಹಾಕಿದ್ದಾರೆ. ಏಡ್ರಿಯನ್ ಕನಸಿನಲ್ಲಿ ಅವಳನ್ನು ತಲುಪಬಲ್ಲ, ಆದರೆ ಅಲ್ಲಿ ಗ್ಯಾಸ್ ಬಿಟ್ಟು ಅವಳಿಗೆ ಮಾಮೂಲಿ ನಿದ್ದೆಯೇ ಬರದ ಹಾಗೆ ಮಾಡುತ್ತಾರೆ. ಒಂದು ಅಧ್ಯಾಯ ಅವಳು ಕತ್ತಲಲ್ಲಿ, ಮುಂದಿನದರಲ್ಲಿ ಇವನು ಕುಡಿದುಕೊಂಡು ಹೊರಗೆ. ಇಡೀ ಸರಣಿಯಲ್ಲಿ ನನಗೆ ಭಯವಾದದ್ದು ಇಲ್ಲಿ, ಮತ್ತು ಇಲ್ಲಿ ಭಯ ಹುಟ್ಟಿಸುವವರು ವ್ಯಾಂಪೈರ್‌ಗಳಲ್ಲ. ಗುಮಾಸ್ತರ ಥರ ಫೈಲ್ ಹಿಡಿದ ಮನುಷ್ಯರು. ಆರರಲ್ಲಿ ಇದೇ ಒಳ್ಳೆಯದು ಅಂತ ಇವತ್ತಿಗೆ ಹೇಳುತ್ತೇನೆ, ಆರನೆಯದನ್ನು ಓದದೆಯೇ.

ಆಗಸ್ಟ್ 24, ಭಾನುವಾರ

84ನೇ ದಿನ. ಬೈಂಡ್ ಬಿಚ್ಚಲಿಲ್ಲ, ಹಾಗೇ ‘ದಿ ರೂಬಿ ಸರ್ಕಲ್’ ತೆರೆದೆ.

ಆಗಸ್ಟ್ 26, ಗೌರಿ ಹಬ್ಬ

ಅಕ್ಕ ನಿನ್ನೆ ಸಂಜೆಯೇ ಬಂದಿದ್ದಾಳೆ. ರಾತ್ರಿ ಊಟ ಆದ ಮೇಲೆ ಪುಸ್ತಕ ಹುಡುಕಿದರೆ ಮೇಜಿನ ಮೇಲಿಲ್ಲ. ರೂಮಿನಲ್ಲಿ ನೋಡಿದರೆ ಅವಳು ಕಾಲು ಚಾಚಿಕೊಂಡು ಓದುತ್ತಿದ್ದಾಳೆ.

“ನೀನು ಓದಿದ್ದೀಯಲ್ಲ, ಕೊಡು.”

ತಲೆ ಎತ್ತಲಿಲ್ಲ. “ಇದೊಂದು ಓದಿಲ್ಲ.”

2015ರ ಫೆಬ್ರವರಿಯಲ್ಲಿ ಅವಳಿಗೆ ಕೊನೇ ಸೆಮಿಸ್ಟರ್, ಪ್ರಾಜೆಕ್ಟು. ಆಮೇಲೆ ಕೆಲಸ, ಮದುವೆ, ಮಗು. ಹತ್ತೂವರೆ ವರ್ಷ. ನನ್ನ ಲೆಕ್ಕದಲ್ಲಿ 252 ದಿನ ಆಗುತ್ತದೆ.

ಇವತ್ತು ಬಾಗಿನ ಎಲ್ಲಾ ಮುಗಿದ ಮೇಲೆ ನೋಡಿದೆ. ನನ್ನ ಬಸ್ ಟಿಕೆಟ್ 142ನೇ ಪುಟದಲ್ಲಿದೆ. ಅವಳು ಗುರುತಿಗೆ ಇಟ್ಟ ಅರಿಶಿನ ಮೆತ್ತಿದ ದಾರದ ತುಂಡು 190 ದಾಟಿದೆ. ಮುಂದೆ ಏನಾಯಿತು ಅಂತ ಕೇಳಿದ್ದಕ್ಕೆ, ಕಾಫಿ ಲೋಟ ಹಿಡಿದು ನಕ್ಕು, “ನಾಳೆ ಬಾ” ಅಂದಳು.